ನನ್ನ ಹನ್ನೊಂದು ಸುಳಿಗಳು

ಕೈಯಲ್ಲಿರುವ ಒಳ್ಳೆಯ ಸರಕನ್ನು, ಮನೆಯವರಲ್ಲವೇ ಎಂದು, ಯಾವತ್ತೂ ಪುಕ್ಕಟೆ ಕೊಡಬೇಡಿ. ಇಷ್ಟು ವರ್ಷ ಹಿಂಡಿ, ಬೂಸಾ ಮಾರಿ ಸ್ವಂತ ಕಾಲಮೇಲೆ ನಿಂತ ಹೆಂಗಸು ಹೇಳುತ್ತಿದ್ದೇನೆ. ಹೊರಗಿನವನು ಮೋಸ ಮಾಡಿದರೆ ಬೀದಿಯಲ್ಲಿ ನಿಂತು ಬೈಯಬಹುದು. ಮನೆಯವನು ಮಾಡಿದರೆ ಅವನಿಗೇ ಸಂಜೆ ಮುದ್ದೆ ಬಡಿಸಬೇಕು. ನಾನು ಬಡಿಸಿದ್ದೇನೆ, ಆ ಸಿಟ್ಟು ಇನ್ನೂ ಇಳಿದಿಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿತ್ತು. ಟಿ. ನರಸೀಪುರದಲ್ಲಿ ನಮ್ಮ ಮನೆ. ಅಪ್ಪ ದನದ ದಲ್ಲಾಳಿ. ನಾನು ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ನನಗಿಂತ ಎರಡು ವರ್ಷಕ್ಕೆ ದೊಡ್ಡವನಾದ ಅಣ್ಣ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಟ್ರೈನಿ. ಪಾಳಿ ಮುಗಿದರೆ ಅವನು ನೆಟ್ಟಗೆ ಮನೆಗೆ ಬರುತ್ತಿರಲಿಲ್ಲ. ನಂಜನಗೂಡು ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕಂಪ್ಯೂಟರ್ ಅಂಗಡಿ ಇತ್ತು, ಅಲ್ಲಿ ಕೂರುತ್ತಿದ್ದ. ಅಲ್ಲೊಂದು ಆಟ: ಒಬ್ಬೊಬ್ಬರೂ ಪಂದ್ಯಕ್ಕೊಂದು ವಿಚಿತ್ರ ಪ್ರಾಣಿ ಆರಿಸಿಕೊಂಡು, ಎದುರುಬದುರು ಬಿಟ್ಟು ಕಾದಾಡಿಸುವುದು, ಸರದಿಯ ಮೇಲೆ ಹೊಡೆತ. ಪ್ರತಿ ಭಾನುವಾರ ಪಂದ್ಯ. ಸುತ್ತೂರು ಕಡೆಯಿಂದಲೂ ಹುಡುಗರು ಬರುತ್ತಿದ್ದರಂತೆ.

ಒಂದು ಸಂಜೆ ಅಣ್ಣ ಸೋತು ಬಂದು ಜಗುಲಿಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದ.

"ನಂದು ಗೂಳಿ ಥರದ್ದು ಕಣಮ್ಮಿ. ಮೂರ್ ಏಟಿಗೆ ಮಕ್ಕೊಂಬುಡ್ತದೆ."

"ಮಕ್ಕೊಳದ್ನೇ ಪವರ್ ಮಾಡಣ್ಣ," ಅಂದೆ. "ಉಳೋವಾಗ ಮಲಗೋ ಎತ್ತು ನೋಡಿಲ್ವಾ? ಎಷ್ಟು ಬಾರಿಸಿದ್ರೂ ಏಳಲ್ಲ. ಎದ್ದಾಗ ಯಾರ್ಗಾದ್ರೂ ಒದ್ದೇ ಏಳೋದು. ಮೂರು ಸರದಿ ಮಲಗ್ಲಿ, ತಿಂದ ಏಟ್ನೆಲ್ಲ ನಾಲ್ಕನೇದ್ರಲ್ಲಿ ವಾಪಸ್ ಕೊಡ್ಲಿ."

ಅವನು ನನ್ನನ್ನೇ ನೋಡಿದ. "ಅದನ್ನ ಸೇರಿಸ್ಬೋದು ಕಣಮ್ಮಿ," ಅಂದ. ಹೊಸ ಪವರ್ ಸೇರಿಸಲು ಆ ಆಟದಲ್ಲೇ ಒಂದು ಪುಟ ಇತ್ತಂತೆ, ಅಂಗಡಿಯ ಯಜಮಾನರಿಗೆ ಅದರ ಕೆಲಸ ಗೊತ್ತಿತ್ತು.

ಹಾಗೆ ಶುರುವಾಯಿತು. ಹುಡುಗರು ಪವರ್ ಅನ್ನುತ್ತಿದ್ದರು, ನಾನು ಸುಳಿ ಅನ್ನುತ್ತಿದ್ದೆ. ದನದ ಮೈಮೇಲೆ ಕೂದಲು ಸುತ್ತಿಕೊಂಡಿರುವ ಗುರುತೇ ಸುಳಿ. ಅದು ಯಾವ ಜಾಗದಲ್ಲಿದೆ ಎಂದು ನೋಡಿ ರೈತ ಕೊಳ್ಳುತ್ತಾನೆ, ಬಿಡುತ್ತಾನೆ. ಚಿಕ್ಕಂದಿನಲ್ಲಿ ಅಪ್ಪನ ಹಿಂದೆ ಸಂತೆ ಸುತ್ತಿ ನಾನೂ ಸುಳಿ ನೋಡುವುದನ್ನು ಕಲಿತಿದ್ದೆ. "ಬರೀ ಒಳ್ಳೇ ಸುಳಿ ಇರೋ ದನ ಉಟ್ಟೇ ಇಲ್ಲ ಕಣವ್ವ, ಐತೆ ಅನ್ನೋನು ಸುಳ್ಳ," ಅನ್ನುತ್ತಿದ್ದರು ಅಪ್ಪ. ಅದಕ್ಕೇ ನಾನು ಕಟ್ಟಿದ ಪ್ರತಿ ಸುಳಿಗೂ ಒಂದು ದೋಷ ಅಂಟಿಸುತ್ತಿದ್ದೆ. ಮಲಗುವ ಗೂಳಿಗೆ ಯಾರೂ ಹೊಡೆಯದೆ ಸುಮ್ಮನಿದ್ದರೆ ಅದಕ್ಕೆ ನಿಜವಾಗಿ ನಿದ್ದೆ ಬಂದುಬಿಡಬೇಕು. ಆಮೆಯಂಥದಕ್ಕೆ ತಲಕಾಡಿನ ಸುಳಿ: ಸರದಿಗೆ ಒಂದು ಮೊಳದಂತೆ ಎದುರಾಳಿಯನ್ನು ಮರಳು ಮುಚ್ಚುತ್ತಾ ಬರುತ್ತದೆ, ಐದನೆಯ ಸರದಿಗೆ ಆಮೆಯೇ ಹೂತುಹೋಗಿ ಮರಳು ನಿಲ್ಲುತ್ತದೆ. ಜೋಡಿಯಾಗಿ ಕಾದುವ ಹಕ್ಕಿಗಳಿಗೆ ಸಂಗಮದ ಸುಳಿ: ಒಂದು ಬಿದ್ದರೆ ಅದರ ಬಲವೆಲ್ಲ ಉಳಿದದ್ದಕ್ಕೆ ಸೇರುತ್ತದೆ, ಜೊತೆಗೆ ಅದರ ಗಾಯವೂ. ಇನ್ನೊಂದಕ್ಕೆ ದಲ್ಲಾಳಿ ಕಣ್ಣು: ಎದುರಾಳಿಯ ಮುಂದಿನ ಹೊಡೆತ ಮೊದಲೇ ಕಾಣುತ್ತದೆ, ಆದರೆ ತನ್ನದನ್ನೂ ತೋರಿಸಲೇಬೇಕು.

ದೋಷ ಎಷ್ಟಿರಬೇಕು ಎಂಬುದಕ್ಕೆ ನಮ್ಮಿಬ್ಬರ ವ್ಯಾಪಾರ ಟವೆಲ್ಲಿನ ಕೆಳಗೆ. ಸಂತೆಯಲ್ಲಿ ದನದ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೈಮೇಲೆ ಟವೆಲ್ ಹೊದಿಸಿ ಒಳಗೆ ಬೆರಳು ಹಿಡಿಯುತ್ತಾರೆ, ಸುತ್ತ ನಿಂತವರಿಗೆ ಗೊತ್ತಾಗಬಾರದು. ನಾವು ಒಂದು ಬೆರಳಿಗೆ ಒಂದು ಸರದಿ ಎಂದು ಲೆಕ್ಕ ಇಟ್ಟುಕೊಂಡಿದ್ದೆವು. ಅವನು ದೋಷ ಒಂದೇ ಸರದಿ ಸಾಕೆಂದು ಒಂದು ಬೆರಳು ಹಿಡಿದರೆ ನಾನು ಮೂರು ಹಿಡಿಯುತ್ತಿದ್ದೆ. ಐದೂ ಬೆರಳನ್ನು ಒಟ್ಟಿಗೆ ಒತ್ತಿದರೆ ಒಪ್ಪಿದ ಹಾಗೆ. ಹಾಗೆ ಒಪ್ಪಿ, ಒಂದೊಂದನ್ನೇ ಹಾಳೆಯ ಮೇಲೆ ಬರೆದುಕೊಟ್ಟೆ. ಎರಡು ತಿಂಗಳಲ್ಲಿ ಹನ್ನೊಂದು ಸುಳಿ. ಅಣ್ಣ ಗೆಲ್ಲತೊಡಗಿದ. ಮನೆಗೆ ಬರುವಾಗ ಶಿಳ್ಳೆ ಹಾಕಿಕೊಂಡು ಬರುತ್ತಿದ್ದ.

ಆಮೇಲೊಂದು ದಿನ ಶಿಳ್ಳೆ ನಿಂತಿತು.

"ಆಟ ಕೆಟ್ಟೋಯ್ತು ಕಣಮ್ಮಿ. ಗೂಳಿ ತಕ್ಕಂಡೋನೇ ಗೆಲ್ತಾವ್ನೆ. ಬೇರೆ ಯಾವುದ್ನೂ ಯಾರೂ ಮುಟ್ತಿಲ್ಲ. ಏನಾರ ಮಾಡು."

"ನಿದ್ದೆ ದೋಷ ಹಾಕಿದ್ದೀಯಾ?"

"ಅದ್ಯಾಕೆ ಅಂದ್ರು ಹುಡುಗ್ರು. ಪವರ್ ಮಾತ್ರ ಹಾಕುಸ್ದೆ."

"ಎಲ್ಲಾದಕ್ಕೂ ಹಂಗೇನಾ?"

ಹೂಂ ಅಂದ. ಎರಡು ತಿಂಗಳು ತಲೆ ಕೆಡಿಸಿಕೊಂಡು ಕಟ್ಟಿದ್ದರಲ್ಲಿ ಅರ್ಧವನ್ನು ಸಿಪ್ಪೆಯಂತೆ ಎಸೆದಿದ್ದರು, ನಾನು ಬರೆದುಕೊಟ್ಟ ಹಾಳೆಗಳೂ ಅವನ ಹತ್ತಿರ ಉಳಿದಿರಲಿಲ್ಲ. ನನಗೆ ಇನ್ನೊಂದು ಅನುಮಾನ ಬಂತು. ಆಟದ ಆ ಪುಟದಲ್ಲಿ ಪ್ರತಿ ಪವರ್ ಕೆಳಗೆ ಮಾಡಿದವರ ಹೆಸರಿಗೆ ಜಾಗ ಇದೆ ಎಂದು ಅವನೇ ಹಿಂದೆ ಹೇಳಿದ್ದ.

"ಅಲ್ಲಿ ಯಾರ ಹೆಸರು ಐತಣ್ಣ?"

ಅಣ್ಣ ಸೂರಿನ ತೊಲೆ ನೋಡಿದ. "ನಂದೇ ಐತೆ. ಉಡ್ಗಿ ಮಾಡಿದ್ದು ಅಂದ್ರೆ ನಗ್ತಾರೆ ಕಣಮ್ಮಿ."

ಅವತ್ತೇ ಬಾಯಿ ಬಿಟ್ಟು ಕೂಗಾಡಬೇಕಿತ್ತು. ಬದಲಿಗೆ ವ್ಯಾಪಾರಕ್ಕಿಳಿದೆ. ಅಪ್ಪನ ಟವೆಲ್ ತಂದು ಕೈಮೇಲೆ ಹೊದಿಸಿ ಹೇಳಿದೆ: ಹನ್ನೊಂದಕ್ಕೂ ದೋಷ ಕೂರಿಸಿ ಆಟ ಸರಿ ಮಾಡಿಕೊಡುತ್ತೇನೆ. ಭಾನುವಾರ ನನ್ನನ್ನು ಆ ಅಂಗಡಿಗೆ ಕರೆದುಕೊಂಡು ಹೋಗಬೇಕು, ಎಲ್ಲರ ಮುಂದೆ ನಿನ್ನ ಹೆಸರು ತೆಗೆಸಿ ನನ್ನ ಹೆಸರು ಹಾಕಿಸಬೇಕು. ಅಣ್ಣ ಐದೂ ಬೆರಳು ಒತ್ತಿದ. ಟವೆಲ್ಲಿನ ಕೆಳಗೆ ಒಪ್ಪಿ ಮಾತು ತಪ್ಪಿದವನನ್ನು ನಾನು ಸಂತೆಯಲ್ಲಿ ನೋಡಿರಲಿಲ್ಲ. ನಂಬಿದೆ.

ಭಾನುವಾರ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದೆವು. ಅಂಗಡಿಯಲ್ಲಿ ನಾಲ್ಕು ಕಂಪ್ಯೂಟರು, ಹತ್ತು ಹನ್ನೆರಡು ಹುಡುಗರು, ಬೆವರಿನ ವಾಸನೆ. ಯಜಮಾನರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ನಾನು ಅಣ್ಣನ ಮುಖ ನೋಡಿದೆ.

"ನನ್ ತಂಗಿ ಸಾ," ಅಂದ. "ದೇವಸ್ಥಾನಕ್ಕೆ ಬಂದಿದ್ಲು. ಬಸ್ ಬರೋಗಂಟ ಇಲ್ಲೇ ಕೂತಿರ್ತಾಳೆ."

ಯಾರೋ ಬಾಗಿಲ ಬಳಿ ಸ್ಟೂಲು ಹಾಕಿದರು. ನಾನು ಅದರ ಮೇಲೆ ಕೂತೆ! ಇವತ್ತಿಗೂ ಅವನು ಹೇಳಿದ್ದಕ್ಕಿಂತ ನಾನು ಕೂತದ್ದು ಹೆಚ್ಚು ಉರಿಯುತ್ತದೆ. ಅಣ್ಣ ನನ್ನ ಹೊಸ ಹಾಳೆಯನ್ನು ಜೇಬಿನಿಂದ ತೆಗೆದು, ರಾತ್ರಿಯೆಲ್ಲ ತಾನೇ ಯೋಚಿಸಿದೆ ಎನ್ನುವಂತೆ ಯಜಮಾನರಿಗೆ ಓದಿ ಹೇಳತೊಡಗಿದ.

"ಸರಿ ಕಣಪ್ಪ," ಅಂದರು ಯಜಮಾನರು. "ಮರಳಿನ ಪವರ್ ಐದಕ್ಕೇ ಯಾಕೆ ನಿಲ್ಬೇಕು? ಏಳಕ್ಕೆ ಬಿಟ್ರೆ ಏನಾಗ್ತದೆ?"

ಅಣ್ಣ ತಡಕಾಡಿದ. ಆಮೇಲೆ ಕತ್ತು ತಿರುಗಿಸಿ ನನ್ನ ಕಡೆ ನೋಡಿದ. ಅಂಗಡಿಯಲ್ಲಿದ್ದವರೆಲ್ಲ ಅವನು ನೋಡಿದ ಕಡೆಗೇ ನೋಡಿದರು.

"ಏಳಕ್ಕೆ ಬಿಟ್ರೆ ಹಕ್ಕಿ ಜೋಡಿ ಯಾವತ್ತೂ ಗೆಲ್ಲಲ್ಲ ಸಾ," ಅಂದೆ ನಿಂತುಕೊಂಡು. "ಒಂದು ಬಿದ್ದು ಇನ್ನೊಂದಕ್ಕೆ ಬಲ ಬರೋದೇ ಆರ್ನೇ ಸರದೀಲಿ. ಅಷ್ಟೊತ್ತಿಗೆ ಅದೂ ಹೂತೋಗಿರ್ತದೆ."

"ಓಹೋ. ಇವೆಲ್ಲ ನಿಂದೇನಮ್ಮಾ?"

"ಹನ್ನೊಂದೂ ನಂದೇ. ಹೆಸರು ಬದಲಾಯ್ಸಿ. ಅವನೇ ಒಪ್ಪವ್ನೆ."

"ಯಾವಾಗ ಒಪ್ಪಿದ್ನಮ್ಮಿ?" ಅಂದ ಅಣ್ಣ. "ಯಾರ ಮುಂದೆ? ಅವಳು ಸುಮ್ನೆ ಬರ್ಕೊಟ್ಲು ಸಾ. ಐಡಿಯಾ ನಂದು."

ಹುಡುಗರಲ್ಲಿ ಒಬ್ಬ ನಕ್ಕ. "ಲೋ, ತಂಗಿ ಕೈಲಿ ಓಂವರ್ಕ್ ಮಾಡುಸ್ಕಂಡಿದೀಯ ಕಣ್ಲಾ!"

ಯಾರ ಮುಂದೆ? ಅಲ್ಲೇ ನನ್ನ ಬುದ್ಧಿಗೇಡಿತನ ನನಗೆ ತಿಳಿದದ್ದು. ಸಂತೆಯಲ್ಲಿ ಟವೆಲ್ಲಿನ ಮಾತು ನಡೆಯುವುದು ನಡುವೆ ದಲ್ಲಾಳಿ ಇರುವುದರಿಂದ. ಎರಡೂ ಕಡೆಯವರ ಬೆರಳು ಹಿಡಿದವನು ಅವನು, ನಾಳೆ ಇಬ್ಬರಲ್ಲಿ ಯಾರು ಇಲ್ಲ ಎಂದರೂ ಅವನು ಹೌದು ಎನ್ನುತ್ತಾನೆ. ನಾನು ದಲ್ಲಾಳಿಯ ಮಗಳಾಗಿ, ದಲ್ಲಾಳಿಯೇ ಇಲ್ಲದೆ ಟವೆಲ್ ಹಾಕಿದ್ದೆ. ನನ್ನ ಅಂಗಡಿಗೆ ಬರುವ ಹೆಣ್ಣುಮಕ್ಕಳಿಗೆ ಈಗ ಹೇಳುತ್ತೇನೆ: ಗಂಡನಿರಲಿ, ಅಣ್ಣನಿರಲಿ, ಒಪ್ಪಂದವನ್ನು ಮೂರನೆಯವರ ಕಿವಿಗೆ ಬೀಳುವಷ್ಟು ಜೋರಾಗಿ ಮಾಡಿ. ನಾಚಿಕೆಯಾದರೆ ಆಗಲಿ.

ಯಜಮಾನರು ಕೆಟ್ಟವರಲ್ಲ. ಆದರೆ ಜಗಳ ಬೇಡದವರು. "ಯಾರು ಮಾಡಿದ್ರೇನಮ್ಮ, ಒಂದೇ ಮನೇದು. ಅಣ್ಣನ ಹೆಸರಿದ್ರೆ ನಿಂಗೇನ್ ಕಮ್ಮಿ ಆಗ್ತದೆ?"

"ಏನೂ ಕಮ್ಮಿ ಆಗಲ್ಲ ಅನ್ನೋದಾದ್ರೆ ನನ್ ಹೆಸರು ಹಾಕಿ. ಅವನಿಗೂ ಕಮ್ಮಿ ಆಗಲ್ಲ."

"ಮನೇಲಿ ಮಾತಾಡ್ಕೊಂಡು ಬನ್ನಿ. ಮುಂದಿನ್ ವಾರ ನೋಡಾಣ."

ಮುಂದಿನ ವಾರ ಎಂದರೆ ಏನು ಎಂದು ವ್ಯಾಪಾರಸ್ಥರ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮುಂದಿನ ವಾರ ನನ್ನನ್ನು ಯಾರೂ ಬಸ್ಸು ಹತ್ತಿಸುತ್ತಿರಲಿಲ್ಲ.

"ಹಂಗಾದ್ರೆ ಹನ್ನೊಂದನ್ನೂ ಅಳಿಸಿ ಸಾ."

"ಏಯ್!" ಅಂದರು ಹುಡುಗರೆಲ್ಲ ಒಟ್ಟಿಗೆ.

"ದೋಷ ಇಲ್ದೆ ನಿಮ್ಮ ಆಟ ನಡೆಯಲ್ಲ. ದೋಷದ ಲೆಕ್ಕ ಅವನಿಗೆ ಗೊತ್ತಿಲ್ಲ, ಈಗ ನೀವೇ ನೋಡಿದ್ರಿ. ನನ್ ಹೆಸರಲ್ಲಿ ಇರ್ಲಿ, ಇಲ್ದಿದ್ರೆ ಇರೋದೇ ಬ್ಯಾಡ."

ಅಣ್ಣನ ಕೈಯಿಂದ ಹಾಳೆ ಕಿತ್ತು ಅಲ್ಲೇ ಚೂರು ಮಾಡಿದೆ. ಯಜಮಾನರು ಅಣ್ಣನನ್ನು ಕೇಳಿದರು, "ಏನಪ್ಪಾ, ಅವಳ ಹೆಸರು ಹಾಕ್ಲಾ, ಅಳಿಸ್ಲಾ?" ಎರಡೇ ದಾರಿ. ಒಂದು ಮಾತು ಹೇಳಿದ್ದರೆ ಆಗಿಬಿಡುತ್ತಿತ್ತು. ಅವನು ನಗುತ್ತಿದ್ದ ಹುಡುಗರನ್ನು ನೋಡಿದ, ನನ್ನನ್ನು ನೋಡಲಿಲ್ಲ.

"ಅಳಿಸ್ಬುಡಿ ಸಾ," ಅಂದ.

ಒಂದೊಂದೇ ಅಳಿಸಿದರು. ನಾನು ಹಿಂದೆ ನಿಂತು ಹನ್ನೊಂದನ್ನೂ ಎಣಿಸಿದೆ.

ವಾಪಸ್ಸು ಬರುವ ಬಸ್ಸಿನಲ್ಲಿ ಅಣ್ಣ ಬಾಯಿ ಬಿಟ್ಟಿದ್ದು ಒಂದೇ ಸಲ: "ಮಾನ ಕಳ್ದೆ ಕಣಮ್ಮಿ. ನಿಂಗೇನ್ ಸಿಕ್ತು?" ಮನೆಗೆ ಬಂದರೆ ಅವ್ವನೂ ಅವನ ಕಡೆಗೇ. "ಗಂಡುಡ್ಗ, ನಾಕ್ ಜನದ್ ಮುಂದೆ ಅಂಗ್ ಮಾಡ್ಬೌದಾ? ಓಗಿ ತಪ್ಪಾಯ್ತು ಅನ್ನು." ಅಪ್ಪ ಎಲ್ಲ ಕೇಳಿಸಿಕೊಂಡು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು. ಹತ್ತು ಊರಿನ ವ್ಯಾಜ್ಯ ಬಗೆಹರಿಸುತ್ತಿದ್ದ ಮನುಷ್ಯನ ಬಾಯಿಂದ ಮಗಳ ಪರವಾಗಿ ಅರ್ಧ ಮಾತು ಬರಲಿಲ್ಲ. ನಾನು ತಪ್ಪಾಯ್ತು ಅನ್ನಲಿಲ್ಲ.

ಈಗ ಕೂತು ಬರೆಯಲು ನೋಡಿದರೆ ಹನ್ನೊಂದರಲ್ಲಿ ಏಳೇ ನೆನಪಾಗುತ್ತವೆ. ಉಳಿದ ನಾಲ್ಕಕ್ಕೆ ಎಷ್ಟು ತಲೆ ಕೆರೆದುಕೊಂಡರೂ ಸಿಗುತ್ತಿಲ್ಲ. ಒಂದು ಕೋತಿಯಂಥದರದು, ಅಷ್ಟು ಮಾತ್ರ ಗೊತ್ತು. ಅಣ್ಣನಿಗೆ ನೆನಪಿರಬಹುದು, ಅವನು ಅವುಗಳಿಂದ ಎಷ್ಟೋ ಪಂದ್ಯ ಗೆದ್ದವನು. ಎರಡು ಬೀದಿ ಆಚೆಗೇ ಅವನ ಮನೆ. ಹಬ್ಬಕ್ಕೆ ಹೋಗುತ್ತೇನೆ, ಊಟ ಮಾಡಿ ಬರುತ್ತೇನೆ. ಕೇಳುವುದಿಲ್ಲ.