ಗಂಜಿ ತಿಳಿಯ ಅಂಗಿ, ಹಡಗಿನ ಮೇಜು

ನನ್ನ ಅಕ್ಕ ದೇವಮ್ಮನನ್ನು ನಮ್ಮೂರು ಗುತ್ತಿಗಾರಿನಲ್ಲಿ ಯಾರಾದರೂ ‘ಸುಬೇದಾರರ ಹೆಂಡತಿ’ ಎಂದರೆ ನನಗೆ ಕೋಪ ಬರುತ್ತದೆ. ಬಾವ ಕುಶಾಲಪ್ಪ ಮಿಲಿಟರಿಯಲ್ಲಿ ಸುಬೇದಾರರಾಗಿದ್ದದ್ದು ನಿಜ, ಇಲ್ಲವೆಂದವರು ಯಾರು? ಆದರೆ ನಡುಸಮುದ್ರದಲ್ಲಿ, ಅಷ್ಟು ಜನರ ಎದುರು, ಮೂರು ಮಕ್ಕಳನ್ನು ಊಟದ ಮೇಜಿನಲ್ಲಿ ಕೂರಿಸಿದ್ದು ಬಾವ ಅಲ್ಲ. ಅವರು ಆಗ ಬೊಂಬಾಯಿಯಲ್ಲಿದ್ದರು. ಕೂರಿಸಿದವಳು ಅಕ್ಕ. ಕಣ್ಣಾರೆ ನೋಡಿದವನು ನಾನು. ಈಗ ನೆನೆದರೂ ನನಗೆ ಕೂತಲ್ಲಿ ಕೂರಲಿಕ್ಕಾಗುವುದಿಲ್ಲ.

ಅಕ್ಕ ಎಂಥವಳೆಂದು ಮೊದಲು ಹೇಳಬೇಕು. ಆನೆ ಗದ್ದೆಗೆ ಇಳಿದರೆ ಗಂಡಸರು ಪಂಚೆ ಕಟ್ಟಿಕೊಂಡು ಹೊರಗೆ ಬರುವ ಮೊದಲೇ ಡಬ್ಬ ಬಡಿಯುತ್ತ ಅಂಗಳ ದಾಟಿದವಳು. ಜಗಳಕ್ಕೆ ಹೋಗುವವಳಲ್ಲ. ನಾನು ಹೋಗುವವನು. ಅವಳು ಸುಮ್ಮನೆ ನಿಂತು, ಸುತ್ತ ಏನುಂಟು ಏನಿಲ್ಲ ಎಂದು ನೋಡುವವಳು. ಅಂಥವಳ ಮನಸ್ಸಿನಲ್ಲಿ ಒಂದೇ ಒಂದು ಮುಳ್ಳು ಉಳಿದಿತ್ತು. ಬಾವ ಹವಾಲ್ದಾರರಾಗಿದ್ದಾಗ ಮಡಿಕೇರಿಯಲ್ಲಿ ಒಬ್ಬ ಸಾಹೇಬರ ಮನೆಗೆ ಊಟಕ್ಕೆ ಕರೆದಿದ್ದರು. ದೊಡ್ಡವರಿಗೆಲ್ಲ ಒಳಗೆ ಮೇಜು. ಅಕ್ಕನ ಮಕ್ಕಳಿಗೆ ಮಾತ್ರ ಹಿಂದಿನ ಜಗಲಿಯಲ್ಲಿ, ನಾಯಿಯ ಬಟ್ಟಲಿನ ಪಕ್ಕದಲ್ಲಿ ಎಲೆ ಹಾಕಿದರು. “ಮಕ್ಕಳಿಗೆ ಮೇಜಿನ ಅಭ್ಯಾಸ ಇಲ್ಲವಲ್ಲ” ಎಂದು ಆ ಮನೆಯ ಹೆಂಗಸು ನಗುತ್ತಲೇ ಹೇಳಿದಳಂತೆ. ಅಕ್ಕನಿಗೆ ಅಲ್ಲಿ ಒಂದು ತುತ್ತು ಇಳಿಯಲಿಲ್ಲ.

ಐವತ್ತೆಂಟನೇ ಇಸವಿಯಲ್ಲಿ ಬಾವ ಸುಬೇದಾರರಾದರು. ಬೊಂಬಾಯಿಯಲ್ಲಿ ಕ್ವಾರ್ಟರ್ಸ್ ಸಿಕ್ಕಿತು, ಹೆಂಡತಿ ಮಕ್ಕಳು ಬರಲಿಕ್ಕೆ ಹಡಗಿನ ಎರಡನೇ ಕ್ಲಾಸಿನ ಪಾಸೂ ಸಿಕ್ಕಿತು. ನಾನು ಆಗ ಮಂಗಳೂರಿನಿಂದ ಬೊಂಬಾಯಿಗೆ ಹೋಗುವ ಅದೇ ಸ್ಟೀಮರಿನ ಸಲೂನಿನಲ್ಲಿ ಬಡಿಸುವ ಕೆಲಸಕ್ಕಿದ್ದೆ. ಸಲೂನು ಎಂದರೆ ಕೂದಲು ಕತ್ತರಿಸುವ ಜಾಗವಲ್ಲ, ಹಡಗಿನಲ್ಲಿ ಊಟದ ಕೋಣೆಗೆ ಹಾಗೆ ಹೇಳುವುದು. ರಜೆಯಲ್ಲಿ ಮನೆಗೆ ಹೋದಾಗ ಅಕ್ಕ ನನ್ನನ್ನು ಹಿಡಿದುಕೊಂಡಳು.

“ಕೇಶವ, ಹಡಗಿನಲ್ಲಿ ಮೇಜಿನ ಊಟ ಅಲ್ವಾ?”

“ಮೇಜಿನದ್ದೇ. ಎರಡು ರಾತ್ರಿ. ಆದರೆ ಮಕ್ಕಳು ಶುದ್ಧ ಅಂಗಿ ಹಾಕಿ, ಅದರ ಗುಬ್ಬಿ-ಗುಂಡಿ ಎಲ್ಲ ಹಾಕಿ, ಕಾಲಿಗೆ ಬೂಟ್ಸು ಹಾಕಿ ಬರ್ಬೇಕು. ಇಲ್ಲದಿದ್ರೆ ನಮ್ಮ ಬಟ್ಲರ್ ಮಿನೇಜಸ್ ಡೆಕ್ಕಿಗೆ ಕಳಿಸ್ತಾರೆ. ಅಲ್ಲಿ ನೆಲದಲ್ಲಿ ತಟ್ಟೆ ಇಟ್ಟು ಉಣ್ಣುದು.”

“ನೆಲದಲ್ಲಿ ಬೇಡ” ಎಂದಳು ಅಕ್ಕ. “ಬೊಂಬಾಯಿ ಮುಟ್ಟುವ ಮೊದಲು ನನ್ನ ಮಕ್ಕಳು ಮೇಜಿನಲ್ಲಿ ಉಂಡು ಇಳೀಬೇಕು. ಎರಡು ರಾತ್ರಿಯೂ.”

ಮರುದಿನವೇ ಬೆಳ್ಳಾರೆಗೆ ಹೊರಟಳು. ಅಬೂಬಕರ್ ಬ್ಯಾರಿಯ ಅಂಗಡಿಯಲ್ಲಿ ನೀಲಿ ಗೆರೆಯ ಬಟ್ಟೆಯ ಥಾನು ತೆಗೆಸಿ, ಹಿರಿಯವಳು ಕುಮುದಿನಿಗೆ ಲಂಗ ರವಕೆ, ನಡುವಿನ ಪೂವಪ್ಪನಿಗೆ ಮತ್ತು ಕಿರಿಯವ ಜತ್ತನಿಗೆ ಅಂಗಿ ಚಡ್ಡಿ, ಎಲ್ಲ ಅದರಿಂದಲೇ ಕತ್ತರಿಸಿ ಎಂದಳು. ಅಂಗಡಿಯ ಜಗಲಿಯಲ್ಲಿ ಮಿಷನ್ ಇಟ್ಟುಕೊಂಡಿದ್ದ ಟೈಲರ್ ಡೊಂಬಯ್ಯ ಟೇಪು ಕೆಳಗಿಟ್ಟ.

“ಮೂವರಿಗೂ ಒಂದೇ ಬಟ್ಟೆಯಾ ದೇವಮ್ಮಕ್ಕ? ಬ್ಯಾಂಡ್ ಸೆಟ್ಟಿನವರ ಹಾಗೆ ಕಾಣುದಿಲ್ವಾ?”

“ಕಾಣಲಿ. ಒಂದು ತಪ್ಪಿಹೋದ್ರೆ ಉಳಿದ ಎರಡನ್ನು ತೋರಿಸಿ ಹುಡುಕಬಹುದು.”

ಅಂಗಿಗಳು ಮಕ್ಕಳಿಗಿಂತ ಒಂದು ಅಳತೆ ದೊಡ್ಡದೇ ಆದವು. ಬೆಳೆಯುವ ಮಕ್ಕಳೆಂದು ಒಳಗೆ ದಪ್ಪ ಮಡಿಕೆ ಬೇರೆ. ನಮ್ಮಲ್ಲಿ ಯಾರು ಹೊಲಿಸಿದರೂ ಹಾಗೆಯೇ. ಒಳ್ಳೆಯ ಅಂಗಿ ಎಂದರೆ ಒಂದೇ ಜೊತೆ, ಅದು ದೀಪಾವಳಿಗೂ ಮದುವೆಗೂ ಹಡಗಿಗೂ. ಉಳಿದದ್ದೆಲ್ಲ ಗುಬ್ಬಿ ಕಿತ್ತು ಮೊಣಕೈ ಹರಿದ ಮನೆಯ ಅಂಗಿ. ಎರಡು ರಾತ್ರಿಗೆ ಎರಡು ಜೊತೆ ಬೇಕಾದೀತು ಎಂದು ಅಕ್ಕನಿಗೂ ಹೊಳೆಯಲಿಲ್ಲ, ಡೊಂಬಯ್ಯನಿಗೂ ಹೊಳೆಯಲಿಲ್ಲ. ಪುತ್ತೂರಿನಲ್ಲಿ ಬಸ್ಸು ನಿಂತಾಗ ಕ್ಯಾನ್ವಾಸ್ ಬೂಟ್ಸು ಕೊಂಡಾಯಿತು. ಜತ್ತ ಅದನ್ನು ಮಂಗಳೂರಿನವರೆಗೂ ಮಡಿಲಲ್ಲಿಟ್ಟುಕೊಂಡು, ಬೆಕ್ಕಿನ ಮರಿಯ ಹಾಗೆ ಸವರುತ್ತ ಬಂದ.

ದೋಣಿಯಲ್ಲಿ ಹೋಗಿ ಹಡಗು ಹತ್ತುವಾಗ ಆ ಮಕ್ಕಳ ಕಣ್ಣು ನೋಡಬೇಕಿತ್ತು! ಪೂವಪ್ಪ ಏಣಿಯ ಅರ್ಧದಲ್ಲಿ ನಿಂತು, “ಅಮ್ಮಾ, ಸುಳ್ಯದ ಪೇಟೆ ಇಡೀ ಇದರೊಳಗೆ ಹಿಡೀತದೆ!” ಎಂದು ಕೂಗಿದ. ಹಿಂದಿನಿಂದ ಹತ್ತುತ್ತಿದ್ದವರು ಬೈದರು. ನಾನು ಮೇಲಿನಿಂದ ಅವರಿಗೇ ತಿರುಗಿ ಬೈದೆ.

ಮೊದಲ ರಾತ್ರಿಯ ಊಟದ ಗಂಟೆ ಹೊಡೆಯಿತು. ಅಕ್ಕ ಮೂವರ ಮುಖ ಉಜ್ಜಿ, ತಲೆಗೆ ಎಣ್ಣೆ ಹಾಕಿ ಬಾಚಿ, ನೀಲಿ ಗೆರೆಯ ಅಂಗಿ ತೊಡಿಸಿ ಸಲೂನಿಗೆ ಕರೆತಂದಳು. ಬಾಗಿಲಲ್ಲಿ ಬಟ್ಲರ್ ಮಿನೇಜಸ್. ಕೈ ಹಿಂದೆ ಕಟ್ಟಿಕೊಂಡು ಮಕ್ಕಳ ಉಗುರು ನೋಡಿದರು, ಬೂಟ್ಸು ನೋಡಿದರು, “ಹೂಂ” ಎಂದರು. ಬಿಳಿ ಬಟ್ಟೆ ಹಾಸಿದ ಮೇಜಿನಲ್ಲಿ ಮೂವರೂ ಕೂತರು.

ಸೂಪು ತಂದಿಟ್ಟದ್ದು ನಾನೇ. ಕುಮುದಿನಿ ಚಮಚ ಹಿಡಿದದ್ದು ನೋಡಿದರೆ ಹುಟ್ಟುವಾಗಲೇ ಹಿಡಿದು ಬಂದವಳ ಹಾಗೆ. ಪೂವಪ್ಪನೂ ಹೇಗೋ ಸುಧಾರಿಸಿದ. ಆದರೆ ಹಡಗು ಒಮ್ಮೆ ವಾಲಿತು ನೋಡಿ, ಜತ್ತ ಹೆದರಿ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡ. ಕೈಗೆ ಸಿಕ್ಕಿದ್ದು ಮೇಜಿನ ಬಟ್ಟೆ! ಮೂರು ತಟ್ಟೆ ಸೂಪು ಮೂವರ ಎದೆಯ ಮೇಲೆ!

ಮಿನೇಜಸ್ ಕೂಗಾಡಲಿಲ್ಲ. ಅದೇ ಕಷ್ಟ. ಮೆಲ್ಲಗೆ ಬಂದು ಹೇಳಿದರು. “ಅಮ್ಮಾ, ಇವತ್ತು ಆದದ್ದು ಆಯಿತು. ನಾಳೆ ಕಡೆಯ ರಾತ್ರಿ, ಕ್ಯಾಪ್ಟನ್ ಮೇಜು ಮೇಜಿಗೆ ಬರ್ತಾರೆ. ಈ ಕಲೆಯ ಅಂಗಿಯಲ್ಲಿ ಮಕ್ಕಳನ್ನು ಒಳಗೆ ಬಿಡ್ಲಿಕ್ಕೆ ನನ್ನಿಂದಾಗುದಿಲ್ಲ. ಡೆಕ್ಕಿನಲ್ಲಿ ಉಣ್ಣಲಿ.”

“ಸಣ್ಣ ಮಗು ಮಾರಾಯ್ರೆ, ಹಡಗು ವಾಲಿದ್ದು ಅವನ ತಪ್ಪಾ?” ಎಂದು ನಾನು ಕೈಯಲ್ಲಿದ್ದ ಟ್ರೇಯನ್ನು ಠಣ್ ಎಂದು ಕುಕ್ಕಿದೆ. ಅಕ್ಕ ನನ್ನ ತೋಳು ಹಿಡಿದಳು. “ಸುಮ್ಮನಿರು. ನಾಳೆ ಶುದ್ಧ ಅಂಗಿ ಇದ್ರೆ ಬಿಡ್ತಾರಲ್ವಾ? ಅಷ್ಟೇ ಸಾಕು.”

ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅಕ್ಕ ಡೆಕ್ಕಿನಲ್ಲಿ ಸೆರಗು ಸಿಕ್ಕಿಸಿಕೊಂಡು ಕೂತಿದ್ದಳು. ಹಡಗಿನ ಆಳು ಖಲಾಸಿಯೊಬ್ಬನಿಂದ ಹಗ್ಗ ಕಟ್ಟಿದ ಬಕೆಟಿನಲ್ಲಿ ಸಮುದ್ರದ ನೀರು ಸೇದಿಸಿ ಬಟ್ಟೆ ತಿಕ್ಕುತ್ತಿದ್ದಾಳೆ! ಸಾಬೂನು ನೊರೆ ಬರದೆ ಹಾಲು ಒಡೆದ ಹಾಗೆ ಉಂಡೆ ಉಂಡೆಯಾಗಿ ಅಂಟಿಕೊಂಡಿದೆ.

“ಅಕ್ಕಾ, ಉಪ್ಪುನೀರಿನಲ್ಲಿ ಒಗೆಯುದಾ! ಅದು ಒಣಗುದೇ ಇಲ್ಲ!”

“ಸುತ್ತ ಇಷ್ಟು ನೀರಿಟ್ಟುಕೊಂಡು ಒಗೀಲಿಕ್ಕೆ ಆಗುದಿಲ್ಲ ಅಂತ ಯಾರಿಗೆ ಗೊತ್ತು ಮಾರಾಯ?” ಎಂದು ಅವಳು ಸೋತ ಮುಖದಲ್ಲಿ ನೋಡಿದಳು. ಹೊಳೆಯಲ್ಲಿ ಒಗೆದು ಬೆಳೆದವಳು, ಅವಳಿಗೆ ನೀರೆಂದರೆ ನೀರು.

ಹಗ್ಗಕ್ಕೆ ಹಾಕಿದ ಅಂಗಿಗಳು ಬಿಸಿಲು ಏರಿದರೂ ಹಸಿ ಹಸಿ, ಮುಟ್ಟಿದರೆ ಅಂಟು. ಸೂಪಿನ ಕಲೆಯ ಜೊತೆಗೆ ಉಪ್ಪಿನ ಬಿಳಿ ಗೆರೆ ಬೇರೆ. ಒಂದು ಬಕೆಟ್ ಸಿಹಿನೀರಿಗೆಂದು ನಾನು ನಲ್ಲಿ ಕಾಯುವವನ ಹತ್ತಿರ ಓಡಿದೆ. ಕುಡಿಯಲಿಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಇಲ್ಲ ಎಂದ. ಅವನಿಗೂ ನನಗೂ ಕೈ ಕೈ ಮಿಲಾಯಿಸುವುದೊಂದು ಬಾಕಿ. ಬರಿಗೈಯಲ್ಲಿ ಹಿಂದೆ ಬಂದರೆ ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಖಲಾಸಿಗಳ ಕುಚ್ಚಲಕ್ಕಿ ಅನ್ನ ಬೆಂದಿತ್ತು. ಅಡುಗೆಯವನು ಹಂಡೆ ಬಗ್ಗಿಸಿ ಗಂಜಿ ತಿಳಿಯನ್ನು ಸಮುದ್ರಕ್ಕೆ ಚೆಲ್ಲಲಿಕ್ಕೆ ಹೊರಟಿದ್ದ.

“ಅಯ್ಯೋ, ಎಂತ ಬಿಸಾಡುದು ನೀವು!” ಎಂದು ಅಕ್ಕ ಒಳಗೆ ನುಗ್ಗಿಯೇ ಬಿಟ್ಟಳು. “ಕೇಶವ, ಬಕೆಟ್ ತಾ! ಓಡು!”

ನನಗೆ ಆಗ ಹೊಳೆಯಿತು. ಗಂಜಿ ತಿಳಿಯೂ ಸಿಹಿನೀರೇ ಅಲ್ಲವೇ! ಮನೆಯಲ್ಲಿ ಪಂಚೆಗೆ, ಸೀರೆಗೆ ಹಾಕುವುದು ಅದನ್ನೇ. ನಾನು ಬಕೆಟಿಗೆ ಓಡಿದೆ, ಪೂವಪ್ಪ ಚೆಂಬಿಗೆ ಓಡಿದ, ಕುಮುದಿನಿ ಅಂಗಿಗಳನ್ನು ಬಾಚಿ ತಂದಳು. ಮೊದಲ ಬಕೆಟಿನಲ್ಲಿ ಜಾಲಾಡಿದರೆ ಉಪ್ಪು ಬಿಟ್ಟಿತು. ಎರಡನೆಯದರಲ್ಲಿ ಬಿಸಿಬಿಸಿ ತಿಳಿಗೆ ಸಾಬೂನು ಹಾಕಿ ತಿಕ್ಕಿದಾಗ ಕಲೆ ಎದ್ದು ಬಂತು. ಮೂರನೆಯದರಲ್ಲಿ ಅದ್ದಿ ಹಿಂಡಿದಳು. ಮನೆಯಲ್ಲಾದರೆ ಗಂಜಿಗೆ ನಾಲ್ಕು ಪಾಲು ನೀರು ಬೆರೆಸಬೇಕು. ಇಲ್ಲಿ ಬೆರೆಸಲಿಕ್ಕೆ ನೀರೆಲ್ಲಿ?

“ಸ್ವಲ್ಪ ದಪ್ಪ ಆಯಿತೋ ಏನೋ” ಎಂದಳು ಅಕ್ಕ.

ಇನ್ನು ಒಣಗಿಸಬೇಕು. ಸೂರ್ಯ ಇಳಿಯುತ್ತಿದ್ದ. ಬಾಯ್ಲರಿನಲ್ಲಿ ಕಲ್ಲಿದ್ದಲು ಎಳೆಯುವ ಹೈದರ್ ನಮ್ಮ ಕಡಬದವನು. ಅಂಗಿಗಳನ್ನು ಎದೆಗವಚಿಕೊಂಡು ನಾನು ಕಬ್ಬಿಣದ ಮೆಟ್ಟಿಲು ಇಳಿದೆ.

“ಇದೆಂತ ಮಾರಾಯ, ಬಾಯ್ಲರಿಗೆ ಅಂಗಿ ತೊಡಿಸ್ಲಿಕ್ಕೆ ಬಂದದ್ದಾ?”

“ಹೈದರ್, ನನ್ನ ಅಕ್ಕನ ಮಕ್ಕಳಿಗೆ ರಾತ್ರಿ ಮೇಜಿಲ್ಲ ಅಂತೆ. ಇದು ಒಣಗ್ಬೇಕು. ಮಸಿ ಆಗ್ಬಾರ್ದು.”

“ಮಸಿ ಆಗ್ಬಾರ್ದು ಅಂತ ಮಸಿಯವನ ಹತ್ತಿರ ಹೇಳುದಾ!” ಎಂದು ನಕ್ಕ. ಆದರೆ ಕೈ ತೊಳೆದುಕೊಂಡ. ಬಿಸಿ ಪೈಪಿಗೆ ಗೋಣಿ ಸುತ್ತಿ, ಅದರ ಮೇಲೆ ತನ್ನ ನಮಾಜಿನ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಒಂದೊಂದೇ ಅಂಗಿ ಹರಡಿದ. ನಾನು ಹೊರಡುವಾಗ ಹಳೆಯ ಡಬ್ಬಿಯಲ್ಲಿ ನಾಲ್ಕು ಕೆಂಡವನ್ನೂ ಕೊಟ್ಟು ಕಳಿಸಿದ. ಅಕ್ಕ ಹಿತ್ತಾಳೆ ತಂಬಿಗೆಗೆ ಆ ಕೆಂಡ ತುಂಬಿ ಕಾಯುತ್ತ ಕೂತಳು.

ಊಟದ ಗಂಟೆಗೆ ಇನ್ನು ಸ್ವಲ್ಪವೇ ಹೊತ್ತು ಎನ್ನುವಾಗ ಹೈದರನೇ ಅಂಗಿಗಳನ್ನು ಮೇಲೆ ತಂದ. ತಂದದ್ದು ಮಡಚಿ ಅಲ್ಲ. ಮಡಚಲಿಕ್ಕೆ ಆಗಬೇಕಲ್ಲ! ಹಲಗೆಯ ಹಾಗೆ ಕಂಕುಳಲ್ಲಿ ಇಟ್ಟುಕೊಂಡು ಬಂದ. “ದೇವಮ್ಮಕ್ಕ, ಇದನ್ನು ಗೋಡೆಗೆ ಒರಗಿಸಿದ್ರೆ ನಿಲ್ತದೆ ನೋಡಿ” ಎಂದ. ಒರಗಿಸಿದ. ನಿಂತಿತು!

ಅಕ್ಕ ಬಿಸಿ ತಂಬಿಗೆ ಉಜ್ಜಿ ಇಸ್ತ್ರಿ ಮಾಡಿದಳು. ನೀಲಿ ಗೆರೆಗಳು ಹೊಸ ಥಾನಿನಲ್ಲಿದ್ದದ್ದಕ್ಕಿಂತ ಹೆಚ್ಚು ಹೊಳೆದವು. ಕಲೆ ಒಂದು ಚುಕ್ಕಿಯೂ ಇಲ್ಲ. ಆದರೆ ತೊಡಿಸುವುದೇ ಒಂದು ಯುದ್ಧ. ತೋಳು ತೂರಿಸುವಾಗ ಹಪ್ಪಳ ಮುರಿದ ಹಾಗೆ ಚಟಚಟ ಸದ್ದು.

“ಅಮ್ಮಾ, ಕೈ ಮಡಚ್ಲಿಕ್ಕೆ ಆಗುದಿಲ್ಲ” ಎಂದ ಪೂವಪ್ಪ.

“ಮಡಚ್ಬೇಡ. ಬಾಯಿವರೆಗೆ ಬಂದ್ರೆ ಸಾಕು.”

“ನನಗೆ ಅನ್ನದ ವಾಸನೆ ಬರ್ತದೆ” ಎಂದ ಜತ್ತ.

“ಹಸಿವಾದ್ರೆ ಕಾಲರು ನೆಕ್ಕು” ಎಂದಳು ಕುಮುದಿನಿ. ಅವಳ ಲಂಗ ಕೊಡೆಯ ಹಾಗೆ ಬಿಚ್ಚಿ ನಿಂತಿತ್ತು.

ಸಲೂನಿನ ಬಾಗಿಲಲ್ಲಿ ಮಿನೇಜಸ್. ಮೂವರೂ ಟಕ್ ಟಕ್ ಎಂದು ನಡೆದು ಬಂದರು. ಅಂಗಿ ಬಾಗಲು ಬಿಡದ ಕಾರಣ ತಲೆ ನೇರ, ಬೆನ್ನು ನೇರ, ಕೈ ಪಕ್ಕಕ್ಕೆ. ಮಿನೇಜಸ್ ಬಗ್ಗಿ ಎದೆಯ ಮೇಲೆ ಕಲೆ ಹುಡುಕಿದರು. ಬೆರಳಿನಿಂದ ಕಾಲರು ಮುಟ್ಟಿದರು. ಅದು ಟಣ್ ಎನ್ನುವುದೊಂದು ಬಾಕಿ. ನಾನು ಟ್ರೇ ಹಿಡಿದು ನಿಂತಿದ್ದೆ. ಇಲ್ಲ ಎಂದರೆ ಈ ಟ್ರೇ ಎಲ್ಲಿ ಹೋಗಿ ಬೀಳುತ್ತದೋ ಹೇಳಲಾರೆ ಎಂದು ನನ್ನ ಮುಖವೇ ಹೇಳುತ್ತಿತ್ತೇನೋ.

“ಬನ್ನಿ, ಕೂತ್ಕೊಳ್ಳಿ” ಎಂದು ಮಿನೇಜಸ್ ಕುರ್ಚಿ ಎಳೆದುಕೊಟ್ಟರು.

ಆ ರಾತ್ರಿಯ ಊಟ ನೋಡಬೇಕಿತ್ತು! ಬೇರೆ ಮಕ್ಕಳು ಮೇಜಿನ ಮೇಲೆ ಮೊಣಕೈ ಊರಿ, ಬಗ್ಗಿ, ಚೆಲ್ಲಿ ತಿನ್ನುತ್ತಿದ್ದರೆ ನಮ್ಮ ಮೂವರು ಪೆರೇಡಿಗೆ ನಿಂತ ಸಿಪಾಯಿಗಳು. ಹಡಗು ವಾಲಿತು. ಜತ್ತ ಮೇಜಿನ ಬಟ್ಟೆಯತ್ತ ಕೈ ಚಾಚಿದ. ಅಂಗಿಯ ತೋಳು ಬಿಡಲಿಲ್ಲ! ಸೂಪು ತಟ್ಟೆಯಲ್ಲೇ ಉಳಿಯಿತು. ಕ್ಯಾಪ್ಟನ್ ಬಂದರು, ದೊಡ್ಡ ಆಳು, ಬಿಳಿ ಸಮವಸ್ತ್ರ. ನೀಲಿ ಗೆರೆಯ ಆ ಮೂವರನ್ನು ಒಮ್ಮೆ ನೋಡಿ ಅಕ್ಕನ ಕಡೆ ತಲೆಬಾಗಿಸಿ ಏನೋ ಹೇಳಿದರು. ಅಕ್ಕನಿಗೆ ಅರ್ಥವಾಗಲಿಲ್ಲ. “ಎಂತ ಹೇಳಿದ್ರು?” ಎಂದು ಕಣ್ಣಿನಲ್ಲೇ ಕೇಳಿದಳು.

ಮಿನೇಜಸ್ ಹತ್ತಿರ ಬಂದು ಮೆಲ್ಲಗೆ ಹೇಳಿದರು. “ಇಷ್ಟು ಚಂದ ಕೂತ ಮಕ್ಕಳನ್ನು ಈ ವರ್ಷ ನೋಡ್ಲಿಲ್ಲ ಅಂದ್ರು.”

ಅಕ್ಕ ಅಲ್ಲಿಯವರೆಗೂ ತನ್ನ ತಟ್ಟೆ ಮುಟ್ಟಿರಲಿಲ್ಲ. ಆಗ ಚಮಚ ಕೈಗೆತ್ತಿಕೊಂಡಳು.

ಕಡೆಗೆ ಸಿಹಿ ಬಂತು. ಕುಮುದಿನಿ ತಿಂದಳು, ಪೂವಪ್ಪ ಎರಡು ಸಲ ಹಾಕಿಸಿಕೊಂಡ. ಜತ್ತನ ಮುಂದಿಟ್ಟದ್ದು ಹಾಗೇ ಉಳಿದಿತ್ತು. ಬೆನ್ನು ನೇರ, ತಲೆ ನೇರ, ಕಾಲರಿನ ಮೇಲೆ ಗಲ್ಲ. ಮಿನೇಜಸ್ “ಬೇಡವಾ ಮಗಾ?” ಎಂದು ಬಗ್ಗಿ ಕೇಳಿದರು. ಇನ್ನೂ ಬಗ್ಗಿ ನೋಡಿದರು.

“ದೇವಾ, ಈ ಹುಡುಗನಿಗೆ ನಿದ್ದೆ ಬಂದು ಎಷ್ಟು ಹೊತ್ತಾಯಿತು?”

ಬೀಳಲಿಕ್ಕೂ ಬಿಡದೆ ಗಂಜಿ ಅವನನ್ನು ಮೇಜಿನಲ್ಲಿ ಕೂರಿಸಿತ್ತು! ನಾನು ಎತ್ತಿಕೊಂಡೆ. ಕುರ್ಚಿಯಲ್ಲಿ ಹೇಗೆ ಕೂತಿದ್ದನೋ ನನ್ನ ತೋಳಿನಲ್ಲೂ ಹಾಗೆಯೇ, ಮೊಣಕಾಲು ಮಡಚಿ, ಚಮಚ ಹಿಡಿದ ಕೈ ಮುಂದೆ. ಅಕ್ಕನಿಗೆ ನಗು ತಡೆಯಲಿಲ್ಲ. ಸಲೂನಿನ ಅಷ್ಟೂ ಜನ ತಿರುಗಿ ನೋಡುವಷ್ಟು ಗಟ್ಟಿಯಾಗಿ, ಗುತ್ತಿಗಾರಿನ ಅಂಗಳದಲ್ಲಿ ನಗುವ ಹಾಗೆಯೇ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ಜತ್ತನ ತಟ್ಟೆಯನ್ನು ತನ್ನ ಕಡೆ ಎಳೆದು, ಅವನ ಪಾಲಿನ ಸಿಹಿಯನ್ನು ಮೇಜಿನಲ್ಲೇ ಕೂತು ನಿಧಾನವಾಗಿ ತಿಂದು ಮುಗಿಸಿದಳು.