ಹರಿಯಲೆಂದೇ ಹೊಲಿದ ತೋಳು

ನಾಳೆಯ ಕೆಲಸಕ್ಕೆ ಬೇಕೆಂದು ಇವತ್ತು ಬೆಳಿಗ್ಗೆ ಟ್ರಂಕಿನಿಂದ ಆ ಹಳೆಯ ಖಾಕಿ ಅಂಗಿ ಹೊರತೆಗೆದಾಗ ಅಂಗಿಗಿಂತ ಮೊದಲು ಅದರ ವಾಸನೆ ಬಂತು. ಹಸಿ ಜಾಲಿ ಕಟ್ಟಿಗೆಯ ಒಗರು, ಅದರ ಮೇಲೆ ಡೀಸೆಲ್, ಎಲ್ಲದರ ತಳದಲ್ಲಿ ಹೊಲಿಗೆ ಮಷೀನಿನ ಎಣ್ಣೆ. ಎಷ್ಟು ಸಲ ಒಗೆದರೂ ಹೋಗದ ವಾಸನೆ. ಖುಷಿಯಿಂದ ಹೆಗಲ ಮೇಲೆ ಬೆರಳಾಡಿಸಿದೆ. ಅಲ್ಲಿ ಕೆಂಪು ದಾರ ಇರಬೇಕಿತ್ತು... ಇರಲಿಲ್ಲ. ಅದರ ಜಾಗದಲ್ಲಿ ಖಾಕಿ ದಾರದ ಗಟ್ಟಿ ಹೊಲಿಗೆ, ಅದೂ ಎರಡೆರಡು ಸಾಲು.

“ತೋಳು ಬಿಚ್ಚಿ ಬೀಳಾಕ ಹತ್ತಿತ್ತು. ಪ್ಯಾಟ್ಯಾಗ ಕೊಟ್ಟು ಪಕ್ಕಾ ಹೊಲಿಸಿ ಇಟ್ಟೇನಿ,” ಎಂದಳು ಹೆಂಡತಿ. ಶಹಬ್ಬಾಸ್ ಅನ್ನುತ್ತೇನೆಂದು ಕಾಯುತ್ತ ನಿಂತಿದ್ದಳು. ಪಾಪ, ಅವಳಾದರೂ ಏನು ಮಾಡಿಯಾಳು? ಅವಳು ನಮ್ಮ ಓಣಿಗೆ ಬಂದದ್ದೇ ಎದುರುಮನೆಯ ಟೇಲರ್ ಅಕ್ಕ ತೀರಿಕೊಂಡ ಮೇಲೆ. ಆ ತೋಳು ಬಿಚ್ಚಿ ಬೀಳಲೆಂದೇ ಹೊಲಿದದ್ದು ಎಂಬುದು ಅವಳಿಗೆ ಹೇಗೆ ಗೊತ್ತಾಗಬೇಕು? ಅಲ್ಲೇ ಕೂರಿಸಿಕೊಂಡು ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಮತ್ತೆ ಅಂದಿನ ಹುರುಪು ಬಂದುಬಿಟ್ಟಿತು.

ಆ ವರ್ಷ ನಾನೂ ನನ್ನ ತಮ್ಮನೂ ಕೂಡಿ ಚಿಪ್ಪರ್ ಮಷೀನ್ ತಂದಿದ್ದೆವು. ಬೈಲಹೊಂಗಲದ ನಮ್ಮ ಓಣಿಯಲ್ಲಿ ಅದನ್ನು ನೋಡಲು ಸೇರಿದಷ್ಟು ಮಂದಿ ನನ್ನ ಮದುವೆಗೂ ಸೇರಲಿಲ್ಲ. ಟ್ರ್ಯಾಕ್ಟರಿನ ಬೆನ್ನಿಗೆ ಜೋಡಿಸಿದ ಕೇಸರಿ ಬಣ್ಣದ ಗಡವ! ಮುಂದೆ ಅಗಲವಾದ ಬಾಯಿ, ಬಾಯೊಳಗೆ ಹಲ್ಲಿರುವ ಎರಡು ರೋಲರ್, ಅದರಾಚೆ ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗುವ ಬ್ಲೇಡು. ತೊಡೆ ದಪ್ಪದ ಟೊಂಗೆಯನ್ನು ಬಾಯಿಗೆ ಕೊಟ್ಟರೆ ಸಾಕು, ರೋಲರ್ ತಾನೇ ಹಿಡಿದು ಎಳೆದುಕೊಂಡು, ಮೇಲಿನ ಕೊಳವೆಯಿಂದ ಅವಲಕ್ಕಿಯ ಹಾಗೆ ಚೂರು ಉದುರಿಸುತ್ತಿತ್ತು. ಮೊದಲ ದಿನ ನಾವಿಬ್ಬರೂ ಸಣ್ಣ ಹುಡುಗರಂತೆ ಕೇಕೆ ಹಾಕಿದೆವು. ಓಣಿಯವರು ಅದಕ್ಕೆ ಗಿಡ ತಿನ್ನೋ ಮಷೀನ್ ಅಂತ ಹೆಸರಿಟ್ಟರು.

ಕೆಲಸಕ್ಕೇನೂ ಬರವಿರಲಿಲ್ಲ. ಕಿತ್ತೂರಿನ ರಸ್ತೆ ಬದಿ, ಮುರಗೋಡದ ಕರೆಂಟ್ ಲೈನಿನ ಕೆಳಗೆ, ರಾಮದುರ್ಗದ ಕಡೆಯ ಹೊಲದ ಬದುಗಳಲ್ಲಿ, ಎಲ್ಲಿ ಕರೆದರೂ ಬಳ್ಳಾರಿ ಜಾಲಿಯೇ. ಅದರ ಮುಳ್ಳಿನ ಬಗ್ಗೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಚುಚ್ಚಿದರೆ ವಾರಗಟ್ಟಲೆ ಕೀವು. ಮುಳ್ಳಿಗೆ ಹೆದರಿ ನನ್ನ ತಮ್ಮ ಕೈಗೆ ಮೊಣಕೈವರೆಗೂ ಟವೆಲ್ ಸುತ್ತಿಕೊಳ್ಳುತ್ತಿದ್ದ. ನಾನು ಗೋಣಿಚೀಲ ಸುತ್ತಿಕೊಂಡು ನೋಡಿದೆ. ಕೊನೆಗೆ ದಪ್ಪ ಬಟ್ಟೆಯ ತುಂಬುತೋಳಿನ ಅಂಗಿಯೇ ಸರಿ ಎಂದು ತೀರ್ಮಾನಿಸಿ ಬಟ್ಟೆ ತೆಗೆದುಕೊಂಡು ಎದುರುಮನೆಗೆ ಹೋದೆ.

ಟೇಲರ್ ಅಕ್ಕ ಬಾಯಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಗಿರಾಕಿಗಳನ್ನು ಬೈಯಬಲ್ಲವಳಾಗಿದ್ದಳು. ಹೇಳಿದ ದಿನಕ್ಕೆ ಯಾವ ಬಟ್ಟೆಯೂ ತಯಾರಿರುತ್ತಿರಲಿಲ್ಲ. ಕೇಳಿದರೆ ತಪ್ಪೆಲ್ಲ ಗಿರಾಕಿಯದೇ. ಆದರೂ ಸುತ್ತಿನ ಹಳ್ಳಿಯ ಮದುವೆ ರವಿಕೆ, ಜಂಪರೆಲ್ಲ ಅವಳ ಹತ್ತಿರವೇ ಬರುತ್ತಿದ್ದವು. ಕಾರಣ ಒಂದೇ, ಅವಳ ಹೊಲಿಗೆ ಬಿಚ್ಚುತ್ತಿರಲಿಲ್ಲ. ಬಟ್ಟೆ ಸವೆದು ಜಾಳಾದರೂ ಹೊಲಿಗೆ ಹಾಗೇ ಉಳಿಯುತ್ತಿತ್ತು. ಬೈಲಹೊಂಗಲದಲ್ಲಿ ಅದೇ ಅವಳ ಹೆಸರು, ಅದೇ ಅವಳ ಅನ್ನ.

“ಗಟ್ಟಿ ಹೊಲೀರಿ ಅಕ್ಕಾರ, ಎರಡೂ ಕಡೆ ಎತ್ತು ಹೂಡಿ ಜಗ್ಗಿದ್ರೂ ಹರೀಬಾರ್ದು,” ಎಂದೆ.

ಅವಳು ಟೇಪು ಕೆಳಗಿಟ್ಟಳು. “ಮೊದಲ ಆ ಮಷೀನ್ ತೋರಸು. ಆಮ್ಯಾಲ ಅಂಗಿ ಮಾತು.”

ನಿಜವಾಗಿಯೂ ಬಂದಳು. ಮರುದಿನ ಮುರಗೋಡದ ರಸ್ತೆಗೆ ನಮ್ಮ ಟ್ರ್ಯಾಕ್ಟರಿನಲ್ಲೇ ಕುಳಿತು, ದಾರಿಯುದ್ದಕ್ಕೂ ನನ್ನ ಡ್ರೈವಿಂಗಿನಲ್ಲಿ ತಪ್ಪು ಹುಡುಕುತ್ತ ಬಂದಳು. ದೂರದಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಟೊಂಗೆ ಹೋಗುವುದನ್ನಲ್ಲ, ನಮ್ಮ ಕೈ ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನು. ಮಷೀನ್ ಬಂದ್ ಮಾಡಿಸಿ ಹತ್ತಿರ ಬಂದು ರೋಲರಿನ ಹಲ್ಲು ನೋಡಿದಳು. “ನನ್ನ ಮಷೀನಿಗೂ ಸೂಜಿ ಬುಡಕ ಹಿಂತಾವ ಹಲ್ಲು ಅದಾವ. ಬಟ್ಟಿ ತಾವಾ ಎಳಕೊಂತಾವ. ಅವಕ್ಕ ಬಟ್ಟಿ ಯಾವುದು, ಬೆರಳು ಯಾವುದು ಗೊತ್ತಾಗಂಗಿಲ್ಲ,” ಎಂದು ಸೂಜಿ ಹೊಕ್ಕು ಸೀಳಿದ ತನ್ನ ತೋರುಬೆರಳಿನ ಉಗುರು ತೋರಿಸಿದಳು. ಆಮೇಲೆ ಶುರುವಾಯಿತು ಬೈಗುಳ. ತಮ್ಮನ ಕೈಯ ಟವೆಲ್ ಬಿಚ್ಚಿಸಿದಳು. ನನ್ನ ಕೊರಳಿಗೆ ಸುತ್ತಿದ್ದ ವಲ್ಲಿಬಟ್ಟೆ ಕಿತ್ತು ಟ್ರ್ಯಾಕ್ಟರಿಗೆ ಎಸೆದಳು. ತಮ್ಮನ ಮಣಿಕಟ್ಟಿನಲ್ಲಿ ಸವದತ್ತಿ ಗುಡ್ಡದಿಂದ ತಂದ ದೇವಿಯ ದಾರವಿತ್ತು. ಅದನ್ನು ತೆಗೆಯಲು ಅವನು ಹಿಂದೆಮುಂದೆ ನೋಡಿದ. “ಮನ್ಯಾಗ ದೇವರ ಜಗಲಿ ಮ್ಯಾಲ ಇಡು. ಅಕಿ ಅಲ್ಲಿಂದಾನೂ ನಿನ್ನ ನೋಡ್ತಾಳ,” ಎಂದಳು. ಅವನು ತೆಗೆದ.

ಅಂಗಿ ಬಂದದ್ದು ಎಂದಿನಂತೆ ತಡವಾಗಿ. ಹಾಕಿಕೊಂಡು ನೋಡಿದರೆ ಮೈಗೆ ಅಂಟಿದಂತೆ ಸರಿಯಾಗಿತ್ತು. ಜೇಬೇ ಇರಲಿಲ್ಲ. ಕಫಿಗೂ ಎದೆಗೂ ಎಳೆದರೆ ಬಿಚ್ಚುವ ಟಿಚ್ ಗುಂಡಿ. ತೋಳನ್ನು ಹೆಗಲಿಗೆ ಕೂಡಿಸಿದ್ದು ಮಾತ್ರ ಕೆಂಪು ದಾರದ, ಬೆರಳಗಲದ ಕಚ್ಚಾ ಟಾಕಿಯಿಂದ. ಗಿರಾಕಿಗೆ ಅಳತೆ ನೋಡಲು ತಾತ್ಕಾಲಿಕವಾಗಿ ಹಾಕಿ ಆಮೇಲೆ ಬಿಚ್ಚುತ್ತಾರಲ್ಲ, ಅಂಥದು. “ಅಕ್ಕಾರ, ಇದು ಅರ್ಧಾ ಆಗೇತಲ್ರಿ?” ಎಂದೆ. “ಪೂರಾ ಆಗೇತಿ. ಮುಳ್ಳಿಗೆ ತೋಳು ಬೇಕು. ಮಷೀನಿಗೆ ತೋಳು ಇರಬಾರದು. ಎರಡೂ ಹೆಂಗ ಮಾಡ್ಲಿ? ಅದಕ್ಕ ಹಿಂಗ ಮಾಡೇನಿ,” ಎಂದು ಬಾಗಿಲು ತೋರಿಸಿದಳು.

ಅದನ್ನು ಹಾಕಿಕೊಂಡು ಸಂಜೆ ಚಹಾದ ಅಂಗಡಿಗೆ ಹೋದೆ. ಗೆಳೆಯನೊಬ್ಬ ‘ಬಾರಲೇ’ ಎಂದು ತೋಳು ಹಿಡಿದು ಎಳೆದ. ಇಡೀ ತೋಳು ಅವನ ಕೈಗೆ ಬಂತು! “ಅಯ್ಯಯ್ಯೋ, ಇವನ ಕೈನಾ ಕಿತ್ತು ಬಂತಲೇ!” ಎಂದು ಅವನು ಕೂಗಿದ್ದಕ್ಕೆ ಅಂಗಡಿಯಲ್ಲಿದ್ದವರೆಲ್ಲ ಚಹಾ ಚೆಲ್ಲಿಕೊಂಡು ನಕ್ಕರು. ನಾನೂ ನಕ್ಕೆ. ಆದರೆ ಆ ನಗೆ ಅಲ್ಲಿಗೇ ನಿಲ್ಲಲಿಲ್ಲ. ಟೇಲರ್ ಅಕ್ಕನ ಹೊಲಿಗೆ ಕೈಲಿ ಹಿಡಿದರೆ ಬಿಚ್ಚುತ್ತದಂತೆ, ಅವಳಿಗೆ ಕಣ್ಣು ಮಂಜಾಗಿದೆಯಂತೆ ಎಂದು ಸುದ್ದಿ ಹಬ್ಬಿತು. ಮದುವೆ ಕಾಲ ಬೇರೆ. ಕಿತ್ತೂರಿನ ಒಂದು ಮದುವೆಮನೆಯವರು ಕೊಟ್ಟಿದ್ದ ಜಂಪರ್ ಬಟ್ಟೆಯನ್ನೆಲ್ಲ ವಾಪಸು ಒಯ್ದದ್ದನ್ನು ನಾನೇ ಕಣ್ಣಾರೆ ಕಂಡೆ. ಅವತ್ತು ಅಕ್ಕ ಯಾರನ್ನೂ ಬೈಯಲಿಲ್ಲ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

“ಅಕ್ಕಾರ, ನಿಮ್ಮ ಹೆಸರು ಕೆಡಾಕ ಹತ್ತೇತಿ. ಸಾಕು, ಇದಕ್ಕ ಪಕ್ಕಾ ಹೊಲಿಗಿ ಹಾಕ್ರಿ,” ಎಂದು ಅಂಗಿ ಮುಂದಿಟ್ಟೆ.

ಅವಳು ಪೆಡಲ್ ನಿಲ್ಲಿಸಿದಳು. “ನನ್ನ ಹೆಸರು ಹರದ್ರ ನಾ ಮತ್ತ ಹೊಲಕೊಂತೇನಿ. ನಿನ್ನ ಕೈ ಹರದ್ರ ಯಾರು ಹೊಲೀತಾರ?”

ಅಂಗಿ ಮಡಚಿಕೊಂಡು ಮನೆಗೆ ಬಂದೆ.

ನವಿಲುತೀರ್ಥದ ಅಣೆಕಟ್ಟಿನ ಕೆಳಗೆ ಕಾಲುವೆ ದಂಡೆಯ ಕೆಲಸ ಬಂದದ್ದು ಅದಾದ ಸ್ವಲ್ಪ ದಿನಕ್ಕೆ. ಜಾಲಿ ಅಲ್ಲಿ ಕಾಡಿನ ಹಾಗೆ ಬೆಳೆದಿತ್ತು. ಮಷೀನಿನ ಬಾಯಿಯ ಮೇಲಿನ ಕೆಂಪು ಪಟ್ಟಿಯ ಹತ್ತಿರ ತಮ್ಮ ನಿಂತಿದ್ದ. ಅದನ್ನು ಒತ್ತಿದರೆ ರೋಲರ್ ನಿಲ್ಲುತ್ತದೆ. ಒಬ್ಬ ಟೊಂಗೆ ಕೊಡುವಾಗ ಇನ್ನೊಬ್ಬ ಅಲ್ಲಿಂದ ಕದಲಬಾರದು, ಅದು ಅಕ್ಕನ ಅಪ್ಪಣೆ. ನಾನು ಟೊಂಗೆಯ ಬುಡ ಮೊದಲು ಒಳಗೆ ಕೊಟ್ಟು ಪಕ್ಕಕ್ಕೆ ಸರಿಯುತ್ತಿದ್ದೆ. ಎಲ್ಲ ಸರಿಯಾಗಿಯೇ ನಡೆದಿತ್ತು. ಅಷ್ಟರಲ್ಲಿ ಒಂದು ಕವಲುಟೊಂಗೆ ರೋಲರಿಗೆ ಸಿಕ್ಕಿದ್ದೇ ತಿರುಚಿಕೊಂಡು ನನ್ನ ಕಡೆ ಹೊರಳಿತು. ಮೊಣಕೈಯ ಕೆಳಗೆ ಮುಳ್ಳುಗಳು ತೋಳಿಗೆ ನೆಟ್ಟವು. ಎಳೆತ ಶುರುವಾಯಿತು! ಕಾಲು ಊರಿದೆ, ಮಣ್ಣು ಜಾರಿತು. ಬಾಯಿ ನನ್ನ ಕಡೆಗೆ ಬರುತ್ತಿತ್ತು, ಅಥವಾ ನಾನೇ ಅದರ ಕಡೆಗೆ... ಹೆಗಲಲ್ಲಿ ಟಪಟಪಟಪ ಎಂದು ಟಾಕಿ ಹರಿದ ಸದ್ದು ಆ ಗದ್ದಲದಲ್ಲೂ ಕೇಳಿಸಿತು. ಕಫಿನ ಗುಂಡಿ ಟಿಚ್ ಎಂದು ಬಿಚ್ಚಿತು. ಹಾವಿನ ಪೊರೆಯ ಹಾಗೆ ತೋಳು ಕೈಯಿಂದ ಜಾರಿ ಒಳಗೆ ಹೋಯಿತು. ನಾನು ಅಂಗಾತ ಬಿದ್ದೆ. ತಮ್ಮ ಪಟ್ಟಿ ಒತ್ತಿದ್ದ. ರೋಲರ್ ನಿಂತಿತ್ತು. ಅಷ್ಟು ಹೊತ್ತಿಗೆ ತೋಳು ಮಾತ್ರ ಪೂರಾ ಹೋಗಿ ಆಗಿತ್ತು.

ಬೆರಳು ಎಣಿಸಿಕೊಂಡೆ. ಎಲ್ಲ ಇದ್ದವು. ಮತ್ತೊಮ್ಮೆ ಎಣಿಸಿದೆ. ತಮ್ಮ ನನ್ನ ಬರಿಗೈ ಹಿಡಿದು ಅಳುತ್ತ ನಗುತ್ತಿದ್ದ. ಕೊಳವೆಯ ಕೆಳಗೆ ಚೂರಿನ ರಾಶಿಯಲ್ಲಿ ಖಾಕಿ ಬಟ್ಟೆಯ ಎಳೆಗಳು ಕಾಣುತ್ತಿದ್ದವು. ಬದುಕಿದ್ದೇನೆ ಅನ್ನುವುದಕ್ಕಿಂತ ಕೈ ಇದೆ ಅನ್ನುವ ಸಂತೋಷ ದೊಡ್ಡದು. ಅದನ್ನು ನಾನು ಅವತ್ತು ಕಂಡುಕೊಂಡೆ. ಕೆಲಸ ಅಲ್ಲಿಗೇ ಬಿಟ್ಟು, ಒಂದು ತೋಳಿನ ಅಂಗಿಯಲ್ಲೇ ಟ್ರ್ಯಾಕ್ಟರ್ ಹತ್ತಿದೆವು. ದಾರಿಯಲ್ಲಿ ಎದುರಾದವರಿಗೆಲ್ಲ ಕೈ ಎತ್ತಿ ತೋರಿಸುತ್ತ ಬಂದೆ. ಯಾರಿಗೆ ಏನು ಅರ್ಥವಾಯಿತೋ ಗೊತ್ತಿಲ್ಲ, ಅವರೂ ಕೈ ಎತ್ತಿದರು.

ಅಕ್ಕ ನನ್ನ ಮುಖ ನೋಡಲಿಲ್ಲ. ಎಳೆದು ದೀಪದ ಕೆಳಗೆ ನಿಲ್ಲಿಸಿ ಹೆಗಲಿನ ಹೊಲಿಗೆ ನೋಡಿದಳು. ಬಟ್ಟೆ ಎಲ್ಲೂ ಸೀಳಿರಲಿಲ್ಲ. ಕೆಂಪು ಟಾಕಿ ಮಾತ್ರ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಡಿದಿತ್ತು. “ಎಷ್ಟ ಪಸಂದ ಹರದೈತಿ!” ಎಂದು ಕೂಗಿದಳು. ತನ್ನ ಹೊಲಿಗೆ ಹರಿದದ್ದಕ್ಕೆ ಅಷ್ಟು ಹಿಗ್ಗಿದ ಟೇಲರ್ ಇನ್ನೊಬ್ಬರು ಇರಲಾರರು. ಓಣಿಯ ಮನೆಮನೆಗೆ ನನ್ನ ಕೈ ಹಿಡಿದುಕೊಂಡು ಹೋದಳು. “ನೋಡ್ರಿ, ಹರದೈತಿ ನೋಡ್ರಿ! ನೋಡ್ರಿ, ಕೈ ಐತಿ ನೋಡ್ರಿ!” ಕಣ್ಣು ಮಂಜಾಗಿದೆ ಎಂದವರೇ ಬಂದು ನನ್ನ ಕೈ ಮುಟ್ಟಿ ನೋಡಿದರು. ಸಕ್ಕರೆ ಹಂಚಿದರು. ನಮ್ಮ ಅವ್ವ ಅವಳ ಕಾಲಿಗೆ ಬೀಳಲು ಹೋದಾಗ ಅಕ್ಕ ನನ್ನ ತಲೆಗೆ ಮೊಟಕಿ, “ಇವನ ಕೈ ಅಷ್ಟ ಹತ್ರ ಯಾಕ ಹೋಗಿತ್ತು ಅಂತ ಕೇಳ್ರಿ ಮೊದಲ! ಸಣ್ಣ ಟೊಂಗಿ ನೂಕಾಕ ಉದ್ದಂದು ಬಡಿಗಿ ಇಟ್ಕೊ ಅಂದಿದ್ನಿಲ್ಲೋ? ಅಂಗಿ ತೋಳು ಒಮ್ಮೆ ಉಳಸ್ತೈತಿ. ದಿನಾ ಉಳಸೂದು ದೂರ ನಿಲ್ಲೂದು,” ಎಂದಳು.

ಎಲ್ಲರೂ ಹೋದ ಮೇಲೆ ಹೊಸ ತೋಳು ಕತ್ತರಿಸಲು ಕುಳಿತಳು. ಕತ್ತರಿಸುತ್ತಲೇ, ನನ್ನ ಕಡೆ ನೋಡದೆ ಹೇಳಿದಳು. “ಸಂಗೊಳ್ಳ್ಯಾಗ ನಮ್ಮವ್ವನ ಕೈ ಜ್ವಾಳಾ ಒಕ್ಕೋ ರಾಶಿ ಮಷೀನದಾಗ ಹೋತು. ನಾ ಆಗಷ್ಟ ಹೊಲಿಗಿ ಕಲತಿದ್ನಿ. ಅಕಿ ಮೈಮ್ಯಾಲಿದ್ದ ಜಂಪರ್ ನಾನಾ ಹೊಲದದ್ದು. ಕೈ ಹೋತು... ನನ್ನ ಹೊಲಿಗಿ ಬಿಚ್ಚಲಿಲ್ಲ.” ಊರೆಲ್ಲ ಹೊಗಳುತ್ತಿದ್ದ ಆ ಗಟ್ಟಿ ಹೊಲಿಗೆಯ ಜೊತೆ ಅವಳು ಅಷ್ಟು ವರ್ಷ ಹೇಗೆ ಬಾಳಿದಳೋ... ಸೂಜಿಗೆ ಕೆಂಪು ದಾರ ಪೋಣಿಸಿ ಕೊಡು ಎಂದಳು. ಪೋಣಿಸಿ ಕೊಟ್ಟೆ.

ಆಮೇಲಿನ ವರ್ಷಗಳು ಅವಳವು. ರಾಮದುರ್ಗದಿಂದ ಗಿಡ ಕಡಿಯುವವರು ಬಂದರು. ರಾಶಿ ಮಷೀನಿನ ಮುಂದೆ ನಿಲ್ಲುವ ಹೆಣ್ಣುಮಕ್ಕಳೂ ಬಂದರು. ಅವರಿಗೆ ಸೀರೆಯ ಮೇಲೆ ಹಾಕುವ ಅಂಥದೇ ಅಂಗಿ ಹೊಲಿದಳು. ಕೊಡುವಾಗ ಪ್ರತಿಯೊಬ್ಬರ ತೋಳನ್ನೂ ತಾನೇ ಎಳೆದು ಹರಿದು ನೋಡಿ, ಮತ್ತೆ ಹೊಲಿದು ಕೊಡುತ್ತಿದ್ದಳು. ಕಚ್ಚಾ ಟಾಕಿ ಹಾಕುವುದು ಪಕ್ಕಾ ಹೊಲಿಗೆಗಿಂತ ಕಷ್ಟ ಎನ್ನುತ್ತಿದ್ದಳು. ಸಡಿಲಾದರೆ ಚಹಾದ ಅಂಗಡಿಯಲ್ಲಿ ಬಿಚ್ಚುತ್ತದೆ, ಬಿಗಿಯಾದರೆ ಕೈ ಒಯ್ಯುತ್ತದೆ. ಆ ಕಿತ್ತೂರಿನವರೂ ಜಂಪರ್ ಬಟ್ಟೆ ಹೊತ್ತುಕೊಂಡು ಮರಳಿ ಬಂದರು. ಅವರನ್ನು ಅವಳು ಬೈದದ್ದು ಇಡೀ ಓಣಿಗೆ ಕೇಳಿಸಿತು. ಒಂದು ಬೇಸಿಗೆಯಲ್ಲಿ ಎದೆನೋವು ಎಂದು ಬೆಳಗಾವಿಗೆ ಒಯ್ದರು, ತಿರುಗಿ ಬರಲಿಲ್ಲ. ಈ ಅಂಗಿಯ ಹೆಗಲ ಮೇಲಿನ ಕೆಂಪು ಸಾಲು ಅವಳ ಕೈಯದೆಂದು ನಮ್ಮ ಮನೆಯಲ್ಲಿ ಉಳಿದಿದ್ದ ಕೊನೆಯದು. ಈಗ ಅದೂ ಹೋಯಿತು.

ಹೆಂಡತಿ ಎಲ್ಲ ಕೇಳಿ, ಎದ್ದು ಹೋಗಿ ಬ್ಲೇಡು ತಂದಳು. ಇಬ್ಬರೂ ಕೂಡಿ ಖಾಕಿ ದಾರ ಬಿಡಿಸಿದೆವು. ಕೆಂಪು ದಾರ ತಂದು ನಾನೇ ಟಾಕಿ ಹಾಕಿದೆ. ಮೊದಲ ಸಲ ಅವಳು ಮುಟ್ಟಿದ ಕೂಡಲೇ ಬಿಚ್ಚಿತು. ಇನ್ನೊಮ್ಮೆ ಹಾಕಿದಾಗ ಎಷ್ಟು ಎಳೆದರೂ ಬರಲಿಲ್ಲ. ಮತ್ತೆ ಬಿಡಿಸಿ, ಬೆರಳಗಲ ಇಟ್ಟು ನೋಡಿ, ನಿಧಾನವಾಗಿ ಹಾಕಿದೆ. “ಈಗ ಜಗ್ಗು,” ಎಂದೆ. ಅವಳು ಕಾಲೂರಿ ಜಗ್ಗಿದಳು. ಟಪಟಪಟಪ ಎಂದು ಇಡೀ ತೋಳು ಅವಳ ಕೈಗೆ ಬಂತು!

ಆ ಸದ್ದು ಕೇಳಿ ನಾನು ಹುಚ್ಚನಂತೆ ಹಿಗ್ಗಿದೆ. ಅಕ್ಕನಿಗೆ ತೋರಿಸಬೇಕೆಂದು ತೋಳು ಹಿಡಿದು ಓಣಿ ದಾಟಿ ಎದುರಿನ ಕಟ್ಟೆ ಹತ್ತಿಯೂ ಬಿಟ್ಟೆ. ಅಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ. ಒಳಗಿದ್ದವನು ತಲೆ ಎತ್ತಿ, “ಏನ್ ಬೇಕಾಗಿತ್ರಿ?” ಎಂದ.

“ಏನಿಲ್ರಿ,” ಎಂದು ಇಳಿದು ಬಂದೆ. ನಾಳೆ ಸವದತ್ತಿ ರಸ್ತೆಯಲ್ಲಿ ಜಾಲಿ ಕಡಿಯುವ ಕೆಲಸವಿದೆ. ಸೂಜಿಗೆ ಮತ್ತೆ ಕೆಂಪು ದಾರ ಪೋಣಿಸಿದೆ.