ಕೊನೆಯ ಸಾಲಿಗೆ ಹೋಗು

ಬೀಗ, ಚಿಲಕಗಳ ಸಗಟು ಅಂಗಡಿಯಲ್ಲಿ ಕಾಗದ ಬರೆಯುವವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಗೋದಾಮಿನವನಿಗೂ ಅವಳು ಅಕ್ಕನೇ. ಇಪ್ಪತ್ತಾರು ವರ್ಷಗಳಿಂದ ಗಿರಾಕಿಗಳಿಗೆ ಉತ್ತರ ಬರೆಯುತ್ತಿದ್ದವಳು ಅವಳೇ. ಮೊದಲು ಟೈಪ್‌ರೈಟರಿನಲ್ಲಿ, ಆಮೇಲೆ ಕಪ್ಪು ತೆರೆಯ ಮೇಲೆ ಬರೀ ಅಕ್ಷರಗಳೇ ಕಾಣುವ ಒಂದು ಹಳೇ ಇಮೇಲ್ ಪ್ರೋಗ್ರಾಂನಲ್ಲಿ. ಅವಳ ಮುಖ ನೋಡದ ವ್ಯಾಪಾರಿಗಳು ಕೂಡ ಅವಳ ಮಾತಿನ ಮೇಲೆ ಸರಕು ತರಿಸಿಕೊಳ್ಳುತ್ತಿದ್ದರು. ಅಂಗಡಿಯ ಬೋರ್ಡಿಗಿಂತ ಅದಕ್ಕೇ ಬೆಲೆ ಹೆಚ್ಚು. ಯಜಮಾನರಿಗೆ ಇದು ಗೊತ್ತಿತ್ತು, ಹಾಗಾಗಿಯೇ ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ.

ಈಗ ಅವಳ ಬಲಗೈ ಮಣಿಕಟ್ಟು ಬಾತು ಪಟ್ಟಿ ಕಟ್ಟಿಸಿಕೊಂಡಿತ್ತು. ಅದಕ್ಕೆ ಕಾರಣ ಅಂಗಡಿಯ ಒಂದು ಹಳೇ ಪದ್ಧತಿ. ಗಿರಾಕಿಯ ಪ್ರಶ್ನೆ ಮೇಲೆ, ನಮ್ಮ ಉತ್ತರ ಕೆಳಗೆ. ಉತ್ತರ ಬರೆಯಲು ಹೊರಟರೆ ಪ್ರೋಗ್ರಾಂ ಎಡಿಟರ್ ಎಂಬ ಬರೆಯುವ ಪ್ರೋಗ್ರಾಂ ಒಂದನ್ನು ತೆರೆದು, ಗಿರಾಕಿಯ ಕಾಗದವನ್ನೆಲ್ಲ ಅದರಲ್ಲಿ ಸುರಿದು, ಕರ್ಸರನ್ನು ನೆತ್ತಿಯ ಮೇಲೆ ಕೂರಿಸುತ್ತಿತ್ತು. ಅಲ್ಲಿಂದ ಬುಡಕ್ಕೆ ಇಳಿಯಲು ನಲವತ್ತು ಐವತ್ತು ಸಲ ಕೆಳಬಾಣದ ಕೀಲಿ ಒತ್ತಬೇಕು. ಒಂದೇ ನೆಗೆತಕ್ಕೆ ಕೊನೆಗೆ ಒಯ್ಯುವ ಕೀಲಿಯೂ ಇತ್ತು. ಮೂರು ವರ್ಷದ ಹಿಂದೆ ಅದರ ಮೇಲೆ ಸಕ್ಕರೆ ಚಹಾ ಚೆಲ್ಲಿತು. ಅಂದು ಒಳಗಿಳಿದ ಕೀಲಿ ಇನ್ನೂ ಮೇಲೆ ಬಂದಿಲ್ಲ. ಹೊಸ ಕೀಲಿಮಣೆ ತರಿಸೋಣ ಎಂದು ಯಜಮಾನರು ಪ್ರತಿ ತಿಂಗಳೂ ಹೇಳುತ್ತಾರೆ. ಹೇಳುವುದಕ್ಕೆ ಖರ್ಚಿಲ್ಲ.

ನಾಲ್ಕು ಗಂಟೆಗೆ ಮುಗಿಯಬೇಕಾದ ಕಾಗದಗಳು ಆರು ಹೊಡೆದರೂ ಮುಗಿಯದಾದವು. ಯಜಮಾನರ ಅಳಿಯನಿಗೆ ಇಷ್ಟೇ ಸಾಕಾಯಿತು. ಬಣ್ಣಬಣ್ಣದ ಹೊಸ ಪ್ರೋಗ್ರಾಂ ಹಾಕಿಕೊಂಡು ಕಾಗದಗಳನ್ನು ತಾನೇ ನೋಡಿಕೊಳ್ಳುತ್ತೇನೆ, ಅಕ್ಕ ಕೌಂಟರಿನಲ್ಲಿ ನಿಂತು ಚಿಲಕ ತೋರಿಸಲಿ ಎಂದು ಮಾವನ ಕಿವಿ ಕಚ್ಚಿದ. ಸೋಮವಾರ ಬೆಳಿಗ್ಗೆ ಯಜಮಾನರು ಅವಳ ಮೇಜಿನ ಬಳಿ ಬಂದು, ಅವಳನ್ನು ಬಿಟ್ಟು ಕಿಟಕಿಯನ್ನು ನೋಡುತ್ತ, "ಶನಿವಾರದವರೆಗೆ ನೋಡೋಣಮ್ಮ. ನಾಲ್ಕಕ್ಕೆ ಮುಗೀಲಿಲ್ಲ ಅಂದ್ರೆ ಅವನೇ ಮಾಡ್ಲಿ" ಎಂದರು.

ಅಕ್ಕ ಕಪಾಟಿನ ತಳದಿಂದ, ಕಂಪ್ಯೂಟರ್ ಯಂತ್ರ ಕೂರಿಸಿದವನು ಬಿಟ್ಟುಹೋಗಿದ್ದ ಜೆರಾಕ್ಸ್ ಕಟ್ಟನ್ನು ಹೊರತೆಗೆದಳು. ಎಡಿಟರ್ ತೆರೆದೊಡನೆ ಕೊನೆಯ ಸಾಲಿಗೆ ಹೋಗುವಂತೆ ಮಾಡಬಹುದು, ಅದಕ್ಕೆ ಒಂದು ಕೂಡಿಸುವ ಚಿಹ್ನೆ ಸಾಕು ಎಂದು ಅದರಲ್ಲಿತ್ತು. ಎಲ್ಲಿ ಹಾಕಬೇಕೆನ್ನುವ ಪುಟಕ್ಕೆ ಗೆದ್ದಲು ಹಿಡಿದಿತ್ತು. ಇಮೇಲ್ ಪ್ರೋಗ್ರಾಂನ ಸೆಟ್ಟಿಂಗ್ ಫೈಲಿನಲ್ಲಿ ಎಡಿಟರಿನ ಹೆಸರಿದ್ದ ಹದಿನಾಲ್ಕನೆಯ ಸಾಲು ಹುಡುಕಿ, ಅದರ ಪಕ್ಕ ಚಿಹ್ನೆ ಹಾಕಿದಳು. ಹದಿನಾಲ್ಕನೆಯ ಸಾಲು ಅರ್ಥವಾಗಲಿಲ್ಲ ಎಂದು ಪ್ರೋಗ್ರಾಂ ಮುಖ ತಿರುಗಿಸಿತು. ಚಿಹ್ನೆಯನ್ನು ಹೆಸರಿನ ಮುಂದೆ ಹಾಕಿದಳು, ಹಿಂದೆ ಹಾಕಿದಳು, ನಡುವೆ ಜಾಗ ಬಿಟ್ಟು ನೋಡಿದಳು. ಅದರದು ಒಂದೇ ಹಾಡು, ಹದಿನಾಲ್ಕನೆಯ ಸಾಲು. ಎರಡು ಗಂಟೆ ಕಾಲ ಒಂದು ಕಾಗದವೂ ಹೊರಡಲಿಲ್ಲ. ಅಳಿಯ ಎರಡು ಸಲ ಆ ಕಡೆ ಸುಳಿದು, ಏನೂ ಕೇಳದೆ ಹೋದ. ಕೇಳಿದ್ದರೇ ವಾಸಿಯಿತ್ತು.

ಮಂಗಳವಾರ ಸಂಜೆ ಆ ಫೈಲಿನ ಸಹವಾಸವೇ ಬೇಡವೆಂದು ಎಲ್ಲ ಇದ್ದಂತೆ ಮಾಡಿ, ಎಡಿಟರಿನದೇ ಸ್ವಂತ ಸೆಟ್ಟಿಂಗ್ ಫೈಲಿಗೆ ಹೋಗಿ, ಏನನ್ನೇ ತೆರೆದರೂ ಕೊನೆಯ ಸಾಲಿಗೆ ಹೋಗು ಎಂದು ಅಲ್ಲಿ ಬರೆದಳು. ತಕರಾರಿಲ್ಲದೆ ನಡೆಯಿತು. ಬುಧವಾರ ಮೂರು ಗಂಟೆಗೇ ಕಾಗದ ಮುಗಿದವು, ಗುರುವಾರ ಅದಕ್ಕೂ ಮುಂಚೆ. ಅಕ್ಕ ಮನೆಯಲ್ಲಿ ತಂಗಿಯ ಮುಂದೆ ಸ್ವಲ್ಪ ಜಂಬ ಕೊಚ್ಚಿಕೊಂಡಳು ಕೂಡ.

ಶುಕ್ರವಾರ ಬೆಳಿಗ್ಗೆ ಗೋದಾಮಿನವನು ಬಾಗಿಲಲ್ಲಿ ನಿಂತ.

"ಎಂಟಿಂಚು ಹಿತ್ತಾಳೆ ಚಿಲಕ ಯಾಕಕ್ಕ ಯಾರಿಗೂ ಕಳಿಸ್ತಿಲ್ಲ? ಕಾಲಿಡೋಕೆ ಜಾಗ ಇಲ್ಲ ನಂಗೆ."

"ಎಲ್ಲಿದೆಯಣ್ಣ ಅದು? ಖಾಲಿ ಅಂತ ನೀನೇ ಪಟ್ಟಿ ಹಾಕಿದೀಯ. ಹನ್ನೊಂದು ಜನಕ್ಕೆ ಇಲ್ಲ ಅಂತ ಬರೆದು ಕೂತಿದೀನಿ."

"ಬುಧವಾರ ಮುನ್ನೂರು ಪೆಟ್ಟಿಗೆ ಬಂತಲ್ಲ. ಅವತ್ತೇ ಪಟ್ಟೀಲಿ ಹೊಡೆದಿದೀನಿ."

ಅವನು ಹೊಡೆದದ್ದು ನಿಜ. ದಾಸ್ತಾನಿನ ಪಟ್ಟಿಯನ್ನು ಅವನು ದಿನಾ ಒಂಬತ್ತಕ್ಕೆ ಬಂದು ಇದೇ ಯಂತ್ರದಲ್ಲಿ, ಇದೇ ಎಡಿಟರಿನಲ್ಲಿ ತೆರೆಯುತ್ತಿದ್ದ. ಹೊಸ ಸರಕು ಪಟ್ಟಿಯ ನೆತ್ತಿಗೆ ಬರಬೇಕು ಎಂಬುದು ಅಂಗಡಿಯ ನಿಯಮ. ಕರ್ಸರು ಯಾವತ್ತೂ ನೆತ್ತಿಯಲ್ಲೇ ಇರುತ್ತಿದ್ದುದರಿಂದ ಅವನು ತೆರೆಯ ಕಡೆ ಕಣ್ಣೆತ್ತಿದವನೇ ಅಲ್ಲ. ಕೀಲಿಮಣೆ ನೋಡುತ್ತ ಎರಡು ಬೆರಳಲ್ಲಿ ಕುಟ್ಟಿ, ಅಚ್ಚು ಹಾಕಿ, ಮೊದಲ ಪುಟವನ್ನಷ್ಟೇ ಅಕ್ಕನ ಮೇಜಿನ ಮೇಲಿನ ಮೊಳೆಗೆ ಸಿಕ್ಕಿಸುತ್ತಿದ್ದ. ಉಳಿದ ಪುಟಗಳ ಬೆನ್ನಿನಲ್ಲಿ ಗೋದಾಮಿನ ಚೀಟಿ ಬರೆದುಕೊಳ್ಳುತ್ತಿದ್ದ.

ಅಕ್ಕ ಪಟ್ಟಿ ತೆರೆದಳು. ಕರ್ಸರು ವಿಧೇಯವಾಗಿ ಕೊನೆಯ ಸಾಲಿಗೆ ಹೋಗಿ ನಿಂತಿತು. ಅಲ್ಲಿ 'ಕೆಟ್ಟದ್ದು, ಗುಜರಿಗೆ' ಎಂಬ ತಲೆಬರಹದ ಕೆಳಗೆ ಮುನ್ನೂರು ಪೆಟ್ಟಿಗೆ ಹೊಚ್ಚಹೊಸ ಹಿತ್ತಾಳೆ ಚಿಲಕಗಳು ತಣ್ಣಗೆ ಕೂತಿದ್ದವು.

ಬೈಯೋಣವೆಂದರೆ ಬೈಸಿಕೊಳ್ಳಬೇಕಾದವಳು ತಾನೇ. ಅಳಿಯನ ಕಿವಿಗೆ ಇದು ಬಿದ್ದರೆ ಸೋಮವಾರದಿಂದ ಕೌಂಟರೇ ಗತಿ. ಗೋದಾಮಿನವನು ತೆರೆಯನ್ನೂ ಅವಳನ್ನೂ ನೋಡಿ, "ನಾನೇನೂ ನೋಡಿಲ್ಲಕ್ಕ. ನನ್ನ ಚೀಟಿ ಹಾಳೆ ಎಲ್ಲಿಟ್ಟೆ ಅಂತ ಹುಡುಕ್ತಿದೀನಿ" ಎಂದು ಹೊರನಡೆದ.

ಎಡಿಟರಿನ ಫೈಲಿನಿಂದ ಆ ಆಜ್ಞೆಯನ್ನು ಕಿತ್ತುಹಾಕಿದಳು. ಅದು ಸೇರಬೇಕಾದದ್ದು ಕಾಗದಗಳಿಗೆ ಮಾತ್ರ, ಅಂದರೆ ಮತ್ತೆ ಅದೇ ಹದಿನಾಲ್ಕನೆಯ ಸಾಲಿಗೆ. ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ಗೆದ್ದಲು ತಿಂದ ಪುಟವನ್ನು ಬೆಳಕಿಗೆ ಹಿಡಿದಳು. ಉಳಿದಿದ್ದ ಅರ್ಧ ಸಾಲಿನಲ್ಲಿ ಎಡಿಟರಿನ ಹೆಸರು, ಕೂಡಿಸುವ ಚಿಹ್ನೆ ಎರಡನ್ನೂ ಸೇರಿಸಿ ಒಂದೇ ಜೊತೆ ಉದ್ಧರಣ ಚಿಹ್ನೆಯೊಳಗೆ ಇಟ್ಟಿದ್ದರು. ಇಷ್ಟೇ. ಎರಡನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿಕೊಡಬೇಕಿತ್ತು. ಇದಕ್ಕಾಗಿ ಐದು ದಿನ, ಹನ್ನೊಂದು ಗಿರಾಕಿಗಳು. ಹಾಕಿದಳು. ಕಾಗದ ಬುಡದಲ್ಲಿ ತೆರೆಯಿತು, ಪಟ್ಟಿ ನೆತ್ತಿಯಲ್ಲಿ ತೆರೆಯಿತು. ಸಂತೋಷ ಬರಬೇಕಿತ್ತು, ಸಿಟ್ಟು ಬಂತು.

ಶನಿವಾರ ದಿನದ ಕಾಗದಗಳ ಜೊತೆ ಹನ್ನೊಂದು ತಿದ್ದುಪಡಿ ಕಾಗದಗಳೂ ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಹೊರಟವು. ತಪ್ಪು ನನ್ನದು, ಸರಕು ಇದೆ ಎಂದು ಪ್ರತಿಯೊಂದರಲ್ಲೂ ಬರೆದಿದ್ದಳು. ಯಜಮಾನರು ಗಡಿಯಾರ ನೋಡಿದರು, ಖಾಲಿ ತೆರೆ ನೋಡಿದರು. "ಇದನ್ನ ಮೊದಲೇ ಮಾಡಬಹುದಿತ್ತಲ್ಲಮ್ಮ" ಎಂದು ಹೋದರು. ಕುರ್ಚಿ ಉಳಿಯಿತೆಂದು ಅದರ ಅರ್ಥ. ಅಳಿಯ ಅಂದು ಕೌಂಟರಿನಲ್ಲಿ ಬಹಳ ಹೊತ್ತು ಚಿಲಕ ಒರೆಸಿದ.

ಸೋಮವಾರ ಒಂಬತ್ತು ಜನ ಸರಕು ಕಳಿಸಿ ಎಂದರು. ಒಬ್ಬರು ಉತ್ತರಿಸಲೇ ಇಲ್ಲ. ಇಪ್ಪತ್ತು ವರ್ಷದಿಂದ ಅವಳಿಗೆ ಬರೆಯುತ್ತಿದ್ದ ಹನ್ನೊಂದನೆಯವರು ಬೇರೆ ಕಡೆ ಕೊಂಡಾಗಿತ್ತು. "ಅಕ್ಕಾ, ನಿಮ್ಮ ಕಾಗದ ಮೊದಲು ತಡವಾಗಿ ಬರ್ತಿತ್ತು, ಆದ್ರೆ ಸರಿಯಾಗಿರ್ತಿತ್ತು" ಎಂದಷ್ಟೇ ಬರೆದಿದ್ದರು.

ಅಕ್ಕ ಉತ್ತರದ ಕೀಲಿ ಒತ್ತಿದಳು. ಒಂದು ಸಲವೂ ಬಾಣ ಒತ್ತುವ ಕೆಲಸವಿಲ್ಲದೆ ಕರ್ಸರು ನೇರವಾಗಿ ಆ ಮಾತಿನ ಕೆಳಗೆ ಹೋಗಿ ನಿಂತು ಮಿನುಗತೊಡಗಿತು.